ಮರ ಕೊಯ್ಯುವ ಮಿಷನ್: ಸ್ಟಾಕ್ ಸಾಕೋ, ಆಲ್ಟರ್ ಬೇಕೋ?

ಅಡಿಕೆ ಸುಗ್ಗಿ ಮುಗಿಯುತ್ತಿದ್ದಂತೆ ಮಲೆನಾಡಿನಲ್ಲಿ ಸೌದೆ ಕೆಲಸ ಶುರುವಾಗುತ್ತದೆ. ಮಳೆಗಾಲದ ಬಚ್ಚಲೊಲೆಗೆ, ಮುಂದಿನ ಸಲ ಅಡಿಕೆ ಬೇಯಿಸಲು, ಎಲ್ಲಕ್ಕೂ ಮೇ ತಿಂಗಳ ಒಳಗೆ ಸೌದೆ ಕೊಟ್ಟಿಗೆ ತುಂಬಬೇಕು. ಕೈಗರಗಸ ಅಟ್ಟ ಸೇರಿದೆ, ಈಗೇನಿದ್ದರೂ ಚೈನ್ ಸಾ. ಮಿಷನ್ ಬಂದ ಹಿಂದೆಯೇ ಅದರ ವಿಡಿಯೊಗಳೂ ಬಂದವು. ಅಮೆರಿಕದಲ್ಲಿ ಯಾರೋ ಒಬ್ಬ ಆಲ್ಟರ್ ಮಾಡಿದ, ಅಂದರೆ ಎಂಜಿನ್ ತಿದ್ದಿ ಶಕ್ತಿ ಏರಿಸಿದ ಮಿಷನ್ ಹಿಡಿದು ದಪ್ಪ ದಿಮ್ಮಿಯನ್ನು ಬಾಳೆದಿಂಡು ಕೊಯ್ದ ಹಾಗೆ ಕೊಯ್ಯುತ್ತಾನೆ. ನೋಡಿದವರಿಗೆ ಆಸೆ ಆಗದೆ ಇರುತ್ತದೆಯೇ? ನಮ್ಮಲ್ಲೂ ಆರ್‌ಎಕ್ಸ್ 100 ಬೈಕಿಗೆ ಪೋರ್ಟಿಂಗ್ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ. ಚೈನ್ ಸಾ ಎಂಜಿನ್ನೂ ಟೂ ಸ್ಟ್ರೋಕೇ ಅಲ್ವಾ? ‘ತನ್ನಿ ಸಾರ್, ಮಾಡಿಕೊಡ್ತೀನಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ.

ಕೊಡುವ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಅಳೆದು ನೋಡಿ. ಕಂಪನಿಯಿಂದ ಬಂದ ಹಾಗೇ ಇರುವ ‘ಸ್ಟಾಕ್’ ಮಿಷನ್‌ಗಿಂತ ಚೆನ್ನಾಗಿ ಆಲ್ಟರ್ ಮಾಡಿದ ಮಿಷನ್ ಬೇಗ ಕೊಯ್ಯುವುದು ನಿಜ. ಆ ವೇಗದಿಂದ ನಿಮ್ಮ ಸೌದೆ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದನ್ನು ಮಾತ್ರ ಯಾವ ವಿಡಿಯೊವೂ ಹೇಳುವುದಿಲ್ಲ. ನಿಮ್ಮ ಮಿಷನ್ ಜೊತೆಗೆ ಅದೇ ಮಾಡೆಲ್‌ನ, ಯಾರಾದರೂ ಆಲ್ಟರ್ ಮಾಡಿಸಿದ ಮಿಷನ್ ಒಂದನ್ನು ಎರವಲು ತಂದು, ಒಂದು ದಿಮ್ಮಿ, ಒಂದು ಸ್ಟಾಪ್‌ವಾಚ್, ಒಂದು ಸಿರಿಂಜ್ ಇಟ್ಟುಕೊಂಡರೆ ಅದನ್ನು ನೀವೇ ತಿಳಿದುಕೊಳ್ಳಬಹುದು.

ಆಲ್ಟರ್ ಅಂದರೆ ಏನೇನು ಮಾಡುತ್ತಾರೆ?

ಎಲ್ಲಕ್ಕಿಂತ ಸುಲಭದ್ದು ಸೈಲೆನ್ಸರ್ ಬಾಯಿ ದೊಡ್ಡದು ಮಾಡುವುದು. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿ ಜಾಸ್ತಿ ಒಳಗೆ ಬರುತ್ತದೆ. ಅದಕ್ಕೆ ತಕ್ಕಂತೆ ಪೆಟ್ರೋಲೂ ಜಾಸ್ತಿ ಬೇಕು. ಹಾಗಾಗಿ ಪೂರ್ತಿ ರೇಸ್‌ನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನುವುದನ್ನು ಹೊಂದಿಸುವ ಕಾರ್ಬೊರೇಟರ್‌ನ ‘ಎಚ್’ ಸ್ಕ್ರೂ ಸ್ವಲ್ಪ ಬಿಚ್ಚಬೇಕು. ಇದನ್ನು ಮರೆತರೆ ಕಥೆ ಮುಗಿಯಿತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ತಂಪೂ ಕಡಿಮೆ. ಪಿಸ್ಟನ್ ಕಾದು ಸೀಜ್ ಆಗುತ್ತದೆ.

ಎರಡನೆಯದು ಪೋರ್ಟಿಂಗ್. ಸಿಲಿಂಡರ್ ಬಿಚ್ಚಿ ಗಾಳಿ ಬರುವ, ಹೊಗೆ ಹೋಗುವ ಕಿಂಡಿಗಳನ್ನು ಉಜ್ಜಿ ಅಗಲ ಮಾಡುತ್ತಾರೆ, ಎತ್ತರ ಬದಲಿಸುತ್ತಾರೆ. ಕೆಲವರು ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸುತ್ತಾರೆ. ಆಗ ಪಿಸ್ಟನ್ ತಲೆಗೂ ಸಿಲಿಂಡರ್ ಮೇಲ್ಛಾವಣಿಗೂ ನಡುವಿನ ಸಂದು ಕಿರಿದಾಗುತ್ತದೆ. ಸುಮಾರು 0.5 ಮಿಲಿಮೀಟರ್ ಉಳಿಸಿಕೊಳ್ಳುವುದು ವಾಡಿಕೆ. ಅದಕ್ಕಿಂತ ಕಡಿಮೆಯಾದರೆ ಪೂರ್ತಿ ರೇಸ್ ಮಾಡಿದಾಗ ಪಿಸ್ಟನ್ ಮೇಲೆ ತಾಗುವ ಅಪಾಯವಿದೆ. ಕಿಂಡಿ ತೀರಾ ಅಗಲವಾದರೆ ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೆ ಕೊಯ್ಯುವ ವೇಗ ಶೇ 20–30 ಹೆಚ್ಚುತ್ತದೆ ಎಂದು ಈ ಕೆಲಸ ಮಾಡುವವರು ಹೇಳಿಕೊಳ್ಳುತ್ತಾರೆ. ಸದ್ಯಕ್ಕೆ ಅದನ್ನು ನಂಬಿಯೇ ಮುಂದೆ ಹೋಗೋಣ.

ಇದರ ಕೊನೆಯ ಹಂತ ನೋಡಬೇಕಿದ್ದರೆ ಟಿಂಬರ್‌ಸ್ಪೋರ್ಟ್ಸ್ ಎಂಬ ಮರ ಕೊಯ್ಯುವ ಸ್ಪರ್ಧೆ ನೋಡಬೇಕು. ಅಲ್ಲಿ ‘ಸ್ಟಾಕ್ ಸಾ’, ‘ಹಾಟ್ ಸಾ’ ಅಂತ ಎರಡು ಬೇರೆ ಬೇರೆ ಪಂದ್ಯಗಳಿವೆ. ಸ್ಟಾಕ್ ಸಾದಲ್ಲಿ ಎಲ್ಲರಿಗೂ ಒಂದೇ ಮಾಡೆಲ್ ಮಿಷನ್. ಮೇಲಿಂದ ಕೆಳಗೆ ಒಂದು, ಕೆಳಗಿಂದ ಮೇಲೆ ಒಂದು, ಎರಡು ಬಿಲ್ಲೆ ಕೊಯ್ಯಬೇಕು. ಹಾಟ್ ಸಾದಲ್ಲಿ ಅವರವರೇ ಕಟ್ಟಿಕೊಂಡ ದೈತ್ಯ ಮಿಷನ್‌ಗಳಲ್ಲಿ ಮೂರು ಬಿಲ್ಲೆ. ಎರಡನ್ನೂ ಒಂದೇ ಪಂದ್ಯದಲ್ಲಿ ಸೇರಿಸುವ ಹುಚ್ಚುತನ ಅವರು ಮಾಡಿಲ್ಲ. ಮೊದಲನೆಯದರಲ್ಲಿ ಗೆಲ್ಲುವುದು ಕೈ, ಎರಡನೆಯದರಲ್ಲಿ ಎಂಜಿನ್ನಿಗೂ ದೊಡ್ಡ ಪಾಲು.

ಇನ್ನೊಂದು ವಿಷಯ. ಕಂಪನಿಗಳೇ ಒಂದು ರೀತಿಯ ಆಲ್ಟರ್ ಮಾಡಿ ಮಾರುತ್ತವೆ. ಸ್ಟಿಲ್ ಕಂಪನಿಯ ಎಂಎಸ್ 250 ಮಿಷನ್ 45.4 ಸಿಸಿ, ಅದರ ಶಕ್ತಿ 2.3 ಕಿಲೊವಾಟ್. ಎಂಎಸ್ 261 ಬರೀ 50.2 ಸಿಸಿ, ಆದರೆ ಶಕ್ತಿ 3 ಕಿಲೊವಾಟ್. ಸಿಸಿ ಹೆಚ್ಚಿದ್ದು ಶೇ 11ರಷ್ಟು, ಶಕ್ತಿ ಹೆಚ್ಚಿದ್ದು ಶೇ 30ರಷ್ಟು. ಒಂದು ಮನೆ ಬಳಕೆಯ ಸಾಲಿನದು, ಇನ್ನೊಂದು ದಿನವಿಡೀ ಕಾಡಿನಲ್ಲಿ ದುಡಿಯುವವರದು. ಹುಸ್ಕ್‌ವರ್ನಾದ 365 ಮತ್ತು 372 ಎಕ್ಸ್‌ಪಿ ಮಿಷನ್‌ಗಳ ಎಕ್ಸ್-ಟಾರ್ಕ್ ಮಾದರಿಗಳಲ್ಲಂತೂ ಎರಡೂ 70.7 ಸಿಸಿ. ಆದರೂ ಒಂದಕ್ಕೆ 3.6, ಇನ್ನೊಂದಕ್ಕೆ 4.1 ಕಿಲೊವಾಟ್. ಪೋರ್ಟಿಂಗ್‌ಗೆ ದುಡ್ಡು ಹಾಕುವ ಮೊದಲು ಕಂಪನಿಯ ಮುಂದಿನ ಮಾಡೆಲ್‌ಗೆ ಎಷ್ಟು ವ್ಯತ್ಯಾಸ ಕೊಡಬೇಕು ಅಂತ ಒಮ್ಮೆ ವಿಚಾರಿಸಿ. ಅದಕ್ಕೆ ವಾರಂಟಿಯಾದರೂ ಇರುತ್ತದೆ.

ಹಂತ 1: ದಿಮ್ಮಿ ಆರಿಸಿ

ಪರೀಕ್ಷೆಗೆ ಒಂದೇ ದಿಮ್ಮಿ ಸಾಕು, ಒಂದೇ ದಿಮ್ಮಿಯೇ ಆಗಬೇಕು. ಎಂಟು-ಹತ್ತು ಇಂಚು ದಪ್ಪದ ಅಕೇಶಿಯಾ ಆದರೆ ಒಳ್ಳೆಯದು, ನಮ್ಮ ಸೌದೆ ಹೆಚ್ಚಾಗಿ ಆ ಗಾತ್ರದ್ದೇ. ಗಂಟಿಲ್ಲದ, ನೆಟ್ಟಗಿನ ಭಾಗ ಬೇಕು. ಒಂದು ತುದಿ ಹಸಿ, ಇನ್ನೊಂದು ತುದಿ ಒಣಗಿದ್ದು ಇರಬಾರದು. ಮಣ್ಣು ಮೆತ್ತಿದ್ದರೆ ತೊಳೆಯಿರಿ ಅಥವಾ ತೊಗಟೆ ಕೆತ್ತಿ. ಮಣ್ಣಿಗೆ ಒಮ್ಮೆ ತಾಗಿದರೆ ಚೈನ್ ಹರಿತ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ. ಇದಕ್ಕೆಂದು ಹೊಸ ಮರ ಕಡಿಯಬೇಡಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ.

ಹಂತ 2: ಬಾರ್, ಚೈನ್ ಒಂದೇ ಇರಲಿ

ಹೆಚ್ಚಿನ ಹೋಲಿಕೆಗಳು ಕೆಡುವುದು ಇಲ್ಲೇ. ಆಲ್ಟರ್ ಮಿಷನ್‌ಗೆ ಹೊಸ ಚೈನ್, ಸ್ಟಾಕ್ ಮಿಷನ್‌ಗೆ ಕಳೆದ ವರ್ಷದ ಚೈನ್ ಹಾಕಿ ‘ನೋಡಿ, ಎಷ್ಟು ಸ್ಪೀಡು!’ ಅಂದರೆ ಏನೂ ಸಾಬೀತಾಗುವುದಿಲ್ಲ. ಎರಡಕ್ಕೂ ಒಂದೇ ಉದ್ದದ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಒಂದೇ ಜಾತಿಯ ಚೈನ್, ಒಂದೇ ಕೈಯಲ್ಲಿ ಸಾಣೆ. ಚೈನ್ ಓಡಿಸುವ ಹಲ್ಲಿನ ಗಾಲಿ, ಅಂದರೆ ಸ್ಪ್ರಾಕೆಟ್‌ನ ಹಲ್ಲು ಎಣಿಸಿ. ಏಳು ಹಲ್ಲಿನ ಜಾಗದಲ್ಲಿ ಎಂಟು ಹಲ್ಲಿನದು ಕೂತಿದ್ದರೆ ಎಂಜಿನ್ ಅದೇ ವೇಗದಲ್ಲಿ ತಿರುಗಿದರೂ ಚೈನ್ ಶೇ 14ರಷ್ಟು ಬೇಗ ಓಡುತ್ತದೆ, ಎಳೆಯುವ ಬಲ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.

ಸಾಣೆಗೆ ಸರಿಯಾದ ದಪ್ಪದ ಗುಂಡು ಅರ ಬೇಕು. ಸಣ್ಣ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಲಿಮೀಟರ್, 0.325 ಪಿಚ್‌ಗೆ (ಪಿಚ್ ಅಂದರೆ ಚೈನ್ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ) 4.8, ದೊಡ್ಡ 3/8 ಪಿಚ್‌ಗೆ ಕಂಪನಿಗೆ ತಕ್ಕಂತೆ 5.2 ಅಥವಾ 5.5. ಸಾಮಾನ್ಯ ಚೈನ್‌ಗೆ ಕೋನ 30 ಡಿಗ್ರಿ. ಅರವನ್ನು ಒಂದೇ ದಿಕ್ಕಿಗೆ ನೂಕಿ, ಹಿಂದಕ್ಕೆ ಎಳೆಯುವಾಗ ಹಲ್ಲಿಗೆ ತಾಗಿಸಬೇಡಿ. ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ ಉಜ್ಜಿ. ಆಮೇಲೆ ಹಲ್ಲಿನ ಮುಂದಿರುವ ಸಣ್ಣ ದಿಣ್ಣೆ ನೋಡಿ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಹಲ್ಲು ಸವೆಯುತ್ತಾ ತಗ್ಗುತ್ತದೆ, ದಿಣ್ಣೆ ಹಾಗೇ ಇರುತ್ತದೆ. ಗೇಜ್ ಇಟ್ಟು ಚಪ್ಪಟೆ ಅರದಿಂದ ಇಳಿಸದಿದ್ದರೆ ಎಷ್ಟು ಹರಿತ ಮಾಡಿದರೂ ಚೈನ್ ಮರದ ಮೇಲೆ ಜಾರುತ್ತಿರುತ್ತದೆ. ಬೇಗ ಕೊಯ್ಯಲಿ ಅಂತ ತೀರಾ ಇಳಿಸಿದರೆ ಮಿಷನ್ ಹಿಂದಕ್ಕೆ ಒದೆಯುತ್ತದೆ.

ಹಂತ 3: ಪೆಟ್ರೋಲ್, ಟ್ಯೂನಿಂಗ್

ಒಂದೇ ಕ್ಯಾನಿನ ಮಿಶ್ರಣವನ್ನು ಎರಡಕ್ಕೂ ಹಾಕಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್. ಕಂಪನಿ ಆಯಿಲ್ ಬಿಟ್ಟು ಬೇರೆಯದಾದರೆ 25ಕ್ಕೆ 1, ಅಂದರೆ 40 ಮಿಲಿಲೀಟರ್ ಹಾಕಿ ಎಂದು ಕೆಲವು ಮ್ಯಾನುಯಲ್‌ಗಳು ಹೇಳುತ್ತವೆ.

ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಬಹಳಷ್ಟು ಚೈನ್ ಸಾ ಮ್ಯಾನುಯಲ್‌ಗಳು ಒಪ್ಪುವುದು ಶೇ 10ರವರೆಗೆ. ಎಥೆನಾಲ್‌ನಲ್ಲಿ ಆಮ್ಲಜನಕವೂ ಇರುವುದರಿಂದ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದ ಹಾಗಾಗುತ್ತದೆ. ಎಂಜಿನ್ ಹೆಚ್ಚು ಕಾಯುತ್ತದೆ. ಸ್ಟಾಕ್ ಮಿಷನ್‌ನಲ್ಲಿ ಕಂಪನಿಯವರು ಸ್ವಲ್ಪ ಪೆಟ್ರೋಲ್ ಜಾಸ್ತಿಯೇ ಬಿಟ್ಟಿದ್ದರೆ ಹೇಗೋ ತಡೆದುಕೊಳ್ಳುತ್ತದೆ. ಅಂಚಿನಲ್ಲಿ ಟ್ಯೂನ್ ಮಾಡಿದ ಆಲ್ಟರ್ ಮಿಷನ್‌ಗೆ ಆ ಅವಕಾಶ ಇಲ್ಲ. ವಿದೇಶದ ವಿಡಿಯೊ ನೋಡಿ ಸ್ಕ್ರೂ ತಿರುಗಿಸುವವರು ಇದನ್ನು ಮರೆಯಬಾರದು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ.

ಟ್ಯೂನ್ ಸರಿ ಇದೆಯೇ ಅಂತ ಕಿವಿಯಿಂದಲೇ ಒಂದು ಮಟ್ಟಿಗೆ ತಿಳಿಯುತ್ತದೆ. ಮಿಷನ್ ಬಿಸಿಯಾದ ಮೇಲೆ ಎರಡು ಸೆಕೆಂಡು ಪೂರ್ತಿ ರೇಸ್ ಮಾಡಿ. ಸದ್ದು ಸ್ವಲ್ಪ ಬರಬರ ಅನ್ನುತ್ತಾ ಒಡೆಯಬೇಕು. ಮರಕ್ಕೆ ಹಾಕಿದೊಡನೆ ಆ ಒಡಕು ಹೋಗಿ ಸಾಫಾಗಬೇಕು. ಗಾಳಿಯಲ್ಲೇ ಕಿರುಚುವಷ್ಟು ಸಾಫಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಎಂಎಸ್ 250ಕ್ಕೆ ಗರಿಷ್ಠ ಮಿತಿ ನಿಮಿಷಕ್ಕೆ 14,000 ಸುತ್ತು. ನಿಮ್ಮ ಮಿಷನ್‌ನ ಮಿತಿ ಮ್ಯಾನುಯಲ್‌ನಲ್ಲಿ ಇರುತ್ತದೆ, ಟ್ಯಾಕೋಮೀಟರ್ ಇಟ್ಟು ನೋಡಿದರೆ ಅನುಮಾನವೇ ಇರುವುದಿಲ್ಲ. ಕಂಪ್ಯೂಟರ್ ಇರುವ ಹೊಸ ಮಿಷನ್‌ಗಳು ತಮ್ಮಷ್ಟಕ್ಕೇ ಟ್ಯೂನ್ ಮಾಡಿಕೊಳ್ಳುತ್ತವೆ, ಅವುಗಳಲ್ಲಿ ಈ ಸ್ಕ್ರೂ ಇರುವುದಿಲ್ಲ.

ಹಂತ 4: ಕೊಯ್ದು ಅಳೆಯಿರಿ

ದಿಮ್ಮಿಯನ್ನು ಕವಲು ಗೂಟಗಳ ಮೇಲೆ ಅಲುಗಾಡದಂತೆ ಕೂರಿಸಿ. ಬಿಲ್ಲೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊದಲು ಸ್ಟಾಕ್, ಆಮೇಲೆ ಆಲ್ಟರ್, ಮತ್ತೆ ಸ್ಟಾಕ್, ಹೀಗೆ ಸರದಿಯಲ್ಲಿ ಕೊಯ್ಯಿರಿ. ಮರ ತುದಿಗೆ ಹೋಗುತ್ತಾ ಸಪೂರವಾಗುವುದರಿಂದ ಒಂದರಲ್ಲೇ ಐದು ಕೊಯ್ದು ಇನ್ನೊಂದನ್ನು ಹಿಡಿದರೆ ಮೋಸವಾಗುತ್ತದೆ. ಕೊಯ್ಯುವವರು ಒಬ್ಬರೇ ಇರಲಿ, ಸಮಯ ನೋಡುವವರು ದೂರ ನಿಲ್ಲಲಿ. ಚೈನ್ ಮರ ಮುಟ್ಟಿದಾಗ ಶುರು, ಬಿಲ್ಲೆ ಬಿದ್ದಾಗ ನಿಲ್ಲಿಸಿ. ಒತ್ತಬೇಡಿ, ಮಿಷನ್‌ನ ಸ್ವಂತ ಭಾರದಲ್ಲೇ ಇಳಿಯಲಿ. ಒಂದೊಂದರಲ್ಲಿ ಐದೈದು ಬಿಲ್ಲೆ ಕೊಯ್ದು ಮಧ್ಯದ ಅಂಕಿ ತೆಗೆದುಕೊಳ್ಳಿ.

ಈಗ ಪೆಟ್ರೋಲ್. ಟ್ಯಾಂಕ್ ಬಾಯಿಯವರೆಗೆ ತುಂಬಿ, ಇಪ್ಪತ್ತು ತುಂಡು ಕೊಯ್ದು, ಸೂಜಿ ಇಲ್ಲದ ದೊಡ್ಡ ಸಿರಿಂಜಿನಿಂದ ಮತ್ತೆ ಬಾಯಿಯವರೆಗೆ ತುಂಬಿ. ಎಷ್ಟು ಮಿಲಿಲೀಟರ್ ಹಿಡಿಯಿತೋ ಅದೇ ಲೆಕ್ಕ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ತುಂಬಿ.

ಹಂತ 5: ಮೊಂಡು ಚೈನ್ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಆಲ್ಟರ್ ಮಿಷನ್‌ಗೆ ಸಾಣೆ ಕಾಣದ ಹಳೆ ಚೈನ್ ಹಾಕಿ, ಸ್ಟಾಕ್ ಮಿಷನ್‌ಗೆ ಈಗಷ್ಟೇ ಹರಿತ ಮಾಡಿದ್ದು ಹಾಕಿ, ಮತ್ತೆ ಸಮಯ ನೋಡಿ. ಮೊಂಡು ಚೈನ್ ಎಂಥ ಎಂಜಿನ್ನಿನ ಸೊಕ್ಕನ್ನೂ ಮುರಿಯುತ್ತದೆ. ಕೆಳಗೆ ಬೀಳುವ ಪುಡಿ ನೋಡಿದರೂ ಸಾಕು. ಹಿಟ್ಟಿನಂಥ ಪುಡಿ ಬಂದರೆ ಚೈನ್ ಮೊಂಡು, ದಪ್ಪ ಚಕ್ಕೆ ಹಾರಿದರೆ ಹರಿತ.

ಚೈನ್ ಸಾಗೆ ಈಗಿನ ವೇಗ ಬಂದದ್ದರಲ್ಲಿ ಹಲ್ಲಿನ ಪಾಲು ದೊಡ್ಡದು. ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಮರ ಕೊರೆಯುವ ದುಂಬಿಯ ಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತಾ ಸಾಗುವುದನ್ನು ನೋಡಿ, ಅದೇ ರೀತಿಯ ಹಲ್ಲು ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ನಮ್ಮ ಮಿಷನ್‌ಗಳಲ್ಲಿ ಈಗಲೂ ಓಡುತ್ತಿರುವುದು ಆ ವಂಶದ ಚೈನೇ.

ಹಂತ 6: ದಿನದ ಲೆಕ್ಕ ಹಾಕಿ

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಸ್ಟಾಕ್ ಮಿಷನ್‌ಗೆ ಒಂದು ತುಂಡಿಗೆ 8 ಸೆಕೆಂಡು, ಆಲ್ಟರ್‌ಗೆ 6. ದಿನಕ್ಕೆ 200 ತುಂಡು ಕೊಯ್ದರೆ ಉಳಿಯುವುದು 400 ಸೆಕೆಂಡು, ಅಂದರೆ ಏಳು ನಿಮಿಷವೂ ಇಲ್ಲ. ದಿಮ್ಮಿ ಉರುಳಿಸುವುದು, ತುಂಡು ಎತ್ತಿ ಹಾಕುವುದು, ಕೊಡಲಿಯಲ್ಲಿ ಒಡೆಯುವುದು, ಕೊಟ್ಟಿಗೆಗೆ ಸಾಗಿಸಿ ಜೋಡಿಸುವುದು, ಇವು ಯಾವ ಮಿಷನ್ ತಂದರೂ ಅಷ್ಟೇ ಹೊತ್ತು ಹಿಡಿಯುತ್ತವೆ. ಅದೇ ಚೈನ್ ಮೊಂಡಾಗಿ 8 ಸೆಕೆಂಡು 16 ಆದರೆ? 1,600 ಸೆಕೆಂಡು, ಹತ್ತಿರ ಹತ್ತಿರ 27 ನಿಮಿಷ ಹೋಯಿತು. ಜೊತೆಗೆ ಕೈ ನೋವು ಬೇರೆ. ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಅರಕ್ಕೆ ಕೊಡುವ ದುಡ್ಡೂ ಪೋರ್ಟಿಂಗ್‌ಗೆ ಕೊಡುವ ದುಡ್ಡೂ ಆಗ ಬೇರೆಯಾಗಿ ಕಾಣುತ್ತವೆ.

ಆಲ್ಟರ್ ದಂಡ ಅಂತ ನಾನು ಹೇಳುತ್ತಿಲ್ಲ. ಎರಡಡಿ ದಪ್ಪದ ಹಲಸು, ಮಾವಿನ ದಿಮ್ಮಿಗಳನ್ನೇ ದಿನವಿಡೀ ಕೊಯ್ಯುವವರಿಗೆ, ಬಾರ್ ಪೂರ್ತಿ ಮರದೊಳಗೆ ಮುಳುಗಿರುವ ಕೆಲಸದವರಿಗೆ ಅದು ಸಾರ್ಥಕ. ಅಲ್ಲಿ ಒಂದು ಸಲ ಕೊಯ್ಯಲು ಹೆಚ್ಚು ಹೊತ್ತು ಬೇಕು, ಉಳಿತಾಯವೂ ಕಣ್ಣಿಗೆ ಕಾಣುತ್ತದೆ. ಮನೆ ಸೌದೆಗೆ ನನ್ನ ಮತ ಸ್ಟಾಕ್ ಮಿಷನ್‌ಗೇ.

ಮಾಡಬಾರದ ಆಲ್ಟರ್‌ಗಳು

ಸೈಲೆನ್ಸರ್ ಬಾಯಿಯ ಕಿಡಿ ತಡೆಯುವ ಜಾಲರಿ ಕಿತ್ತುಹಾಕುವುದು ಮೊದಲನೆಯದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತರಗೆಲೆ ಒಣಗಿ ಕಾಡು ಬೆಂಕಿಗೆ ಕಾದಿರುತ್ತದೆ, ಸೌದೆ ಕೆಲಸವೂ ಆಗಲೇ. ಜಾಲರಿ ಮಸಿ ಕಟ್ಟಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಮಿಷನ್ ಒದ್ದಾಗ ಚೈನ್ ನಿಲ್ಲಿಸುವ ಚೈನ್ ಬ್ರೇಕನ್ನು ಕೈಗೆ ಅಡ್ಡ ಅಂತ ತೆಗೆಯುವುದು ಇನ್ನೊಂದು. ಅದರ ಬಗ್ಗೆ ಮಾತೇ ಬೇಡ. ಸಣ್ಣ ಮಿಷನ್‌ಗೆ ಉದ್ದ ಬಾರ್ ಹಾಕಿದರೆ ಎಂಜಿನ್ ಎಳೆಯುವುದಿಲ್ಲ, ಆಯಿಲ್ ಪಂಪ್ ಕೂಡ ತುದಿಯವರೆಗೆ ಸಾಲುವುದಿಲ್ಲ. ಟೈಲ್ಸ್ ಕೊಯ್ಯುವ ಗ್ರೈಂಡರ್‌ಗೆ ಚೈನ್ ಜೋಡಿಸುವ ಕಿಟ್ಟು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಬ್ರೇಕೂ ಇಲ್ಲ, ಚೈನ್ ತುಂಡಾದರೆ ಹಿಡಿಯುವ ಕೊಕ್ಕೆಯೂ ಇಲ್ಲ. ಉಚಿತವಾಗಿ ಕೊಟ್ಟರೂ ಬೇಡ. ಇನ್ನು ಸದ್ದು. ಸ್ಟಾಕ್ ಮಿಷನ್ನೇ ಕೊಯ್ಯುವವರ ಕಿವಿಯ ಹತ್ತಿರ ಸುಮಾರು 100 ಡೆಸಿಬಲ್ ಸದ್ದು ಮಾಡುತ್ತದೆ. ಇಯರ್ ಮಫ್ ಇಲ್ಲದೆ ಎರಡನ್ನೂ ಮುಟ್ಟಬೇಡಿ.

ಇಷ್ಟಾದ ಮೇಲೂ ಮಾಡಿಸುವ ಮನಸ್ಸಿದ್ದರೆ ಮೆಕ್ಯಾನಿಕ್‌ಗೆ ಮೂರು ಪ್ರಶ್ನೆ ಕೇಳಿ. ಪಿಸ್ಟನ್ ಮೇಲಿನ ಸಂದು ಎಷ್ಟು ಉಳಿಸುತ್ತೀರಿ? ಕಿಂಡಿ ಉಜ್ಜಿದ ಮೇಲೆ ಅಂಚು ನಯ ಮಾಡುತ್ತೀರಾ? ಟ್ಯಾಕೋಮೀಟರ್ ಇಟ್ಟು ಟ್ಯೂನ್ ಮಾಡುತ್ತೀರಾ, ಕಿವಿಯಲ್ಲೋ? ಉತ್ತರ ತಡವರಿಸಿದರೆ ಮಿಷನ್ ವಾಪಸ್ ತನ್ನಿ. ಮಾಡಿಸುವುದಾದರೆ ಮೊದಲು ಸೈಲೆನ್ಸರ್ ಒಂದನ್ನೇ ಮಾಡಿಸಿ. ಅದೂ ಡೂಪ್ಲಿಕೇಟ್ ಸೈಲೆನ್ಸರ್ ತಂದು ಅದರ ಬಾಯಿ ಬಿಡಿಸಿ, ಕಂಪನಿಯದ್ದನ್ನು ಹಾಗೇ ಎತ್ತಿಡಿ. ಸರಿ ಬರಲಿಲ್ಲ ಅಂದರೆ ಹಳೆಯದನ್ನು ಹಾಕಿ, ‘ಎಚ್’ ಸ್ಕ್ರೂ ಮೊದಲಿದ್ದಲ್ಲಿಗೆ ತಂದರೆ ಆಯಿತು. ಬಿಚ್ಚುವ ಮೊದಲು ಅದು ಎಷ್ಟು ಸುತ್ತಿನಲ್ಲಿತ್ತು ಅಂತ ಬರೆದಿಟ್ಟುಕೊಳ್ಳಿ.