ಔಷಧಕ್ಕೆ ಬಗ್ಗದ ಕ್ಷಯ: ಚಿಕಿತ್ಸೆಯನ್ನು ಕೊನೆ ಮುಟ್ಟಿಸುವ ಬಗೆ

ಔಷಧ ನಿರೋಧಕ ಕ್ಷಯವೆಂದು ವರದಿ ಬಂದ ದಿನ ಮನೆಯವರು ಮೊದಲು ಕೇಳುವುದು ಇದಕ್ಕೆ ಮಾತ್ರೆ ಇದೆಯೇ ಎಂದು. ಇದೆ; ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ. ಅದೇ ದಿನ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಮುಂದಿನ ತಿಂಗಳುಗಳಲ್ಲಿ ಈ ಮಾತ್ರೆ ಯಾವ ಯಾವ ದಿನ ತಪ್ಪಿಹೋಗುವ ಸಂಭವವಿದೆ, ಆ ದಿನಗಳಿಗೆ ಈಗಲೇ ಏನು ಏರ್ಪಾಡು ಮಾಡಬಹುದು? ಚಿಕ್ಕಮಗಳೂರು ಜಿಲ್ಲೆಯ ತೋಟ, ಗದ್ದೆ, ಬಯಲು ಊರುಗಳಲ್ಲಿ ರೋಗಿಯ ಜೊತೆಗಿರುವ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ಎಸ್ಟೇಟಿನ ರೈಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲಿಗೆ, ರೋಗಾಣು ಯಾವ ಔಷಧಕ್ಕೆ ಬಗ್ಗುತ್ತಿಲ್ಲ ಎಂಬುದನ್ನು ಹೆಸರು ಹಿಡಿದು ತಿಳಿದುಕೊಳ್ಳಿ. ಕಫದಲ್ಲಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಸುಮಾರು 2 ಗಂಟೆಯಲ್ಲಿ ಫಲಿತಾಂಶ ಕೊಡುತ್ತದಾದರೂ ಅದು ಸಾಮಾನ್ಯವಾಗಿ ಹೇಳುವುದು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಒಂದರ ವಿಷಯವನ್ನು. ಅದೇ ಬಗೆಯ ಟ್ರೂನ್ಯಾಟ್ ಪರೀಕ್ಷೆ ಕೂಡ ಹಾಗೆಯೇ. ಐಸೋನಿಯಾಜಿಡ್ ಮತ್ತು ಲಿವೋಫ್ಲಾಕ್ಸಸಿನ್ ಗುಂಪಿನ ಔಷಧಗಳ ಸ್ಥಿತಿ ತಿಳಿಯಲು ಕಫವನ್ನು ಲೈನ್ ಪ್ರೋಬ್ ಎಂಬ ಇನ್ನೊಂದು ವಂಶವಾಹಿ ಪರೀಕ್ಷೆಗೂ, ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳುಹಿಸಬೇಕಾಗುತ್ತದೆ, ಕಲ್ಚರ್ ವರದಿಗೆ ಆರು ವಾರದವರೆಗೂ ಕಾಯಬೇಕಾಗಬಹುದು. ಚಿಕಿತ್ಸೆ ಆರಂಭವಾಯಿತೆಂದು ಉಳಿದ ವರದಿಗಳನ್ನು ಮರೆಯಬಾರದು, ಏಕೆಂದರೆ ಅವು ಬಂದ ಮೇಲೆ ಮಾತ್ರೆಗಳ ಪಟ್ಟಿಯೇ ಬದಲಾಗಬಹುದು. ಪರೀಕ್ಷೆಯ ಗುಣ ಕಫದ ಗುಣವನ್ನು ಅವಲಂಬಿಸಿದೆ: ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವ ಕಡೆ ನಿಂತು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಡಬ್ಬಿಯಲ್ಲಿ ಎಂಜಲಷ್ಟೇ ಇದ್ದರೆ ಯಂತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಈ ಹಂತದಲ್ಲಿ ‘ಹಿಂದೆ ಮಾತ್ರೆ ಬಿಟ್ಟದ್ದಕ್ಕೇ ಹೀಗಾಯಿತು’ ಎಂದು ರೋಗಿಯನ್ನು ದೂರುವುದು ವಾಡಿಕೆ. ಹಿಂದಿನ ಚಿಕಿತ್ಸೆ ಅರ್ಧಕ್ಕೆ ನಿಂತದ್ದು ಒಂದು ಕಾರಣವಾಗಿರಬಹುದು. ಆದರೆ ಎಂದೂ ಕ್ಷಯದ ಮಾತ್ರೆ ಮುಟ್ಟದವರಿಗೂ ಬೇರೊಬ್ಬ ರೋಗಿಯ ಕೆಮ್ಮಿನಿಂದ ನಿರೋಧಕ ರೋಗಾಣುವೇ ನೇರವಾಗಿ ತಗಲುತ್ತದೆ. ದೂರಿಸಿಕೊಂಡವನು ಮುಂದೆ ತಪ್ಪಿದ ಮಾತ್ರೆಯನ್ನು ಮುಚ್ಚಿಡುತ್ತಾನೆ ಎಂಬ ಕಾರಣಕ್ಕಾದರೂ ಆ ಮಾತನ್ನು ಬಿಡುವುದು ಒಳ್ಳೆಯದು. ವಾರಗಟ್ಟಲೆ ಕೆಮ್ಮಿಗೆ ಮೆಡಿಕಲ್ ಅಂಗಡಿಯಿಂದ ಲಿವೋಫ್ಲಾಕ್ಸಸಿನ್ ತಂದು ನುಂಗುವ ಅಭ್ಯಾಸವನ್ನಂತೂ ಮನೆಯವರೆಲ್ಲ ನಿಲ್ಲಿಸಬೇಕು. ಅದು ಕ್ಷಯವನ್ನು ಕೆಲಕಾಲ ಮರೆಮಾಡಿ, ನಾಳೆ ಬೇಕಾಗುವ ಔಷಧವನ್ನು ಇಂದೇ ಕೆಡಿಸುತ್ತದೆ.

ಔಷಧಗಳ ವಿಷಯದಲ್ಲಿ ಕಾಲ ಬದಲಾಗಿದೆ. ಹಿಂದೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಕೆಲವರು ಕಿವಿಯನ್ನೂ ಕಳೆದುಕೊಂಡು, ಒಂದೂವರೆ ವರ್ಷಕ್ಕೂ ಹೆಚ್ಚು ಚಿಕಿತ್ಸೆ ಪಡೆಯಬೇಕಾಗಿತ್ತು. ಬೆಡಾಕ್ವಿಲಿನ್, ಪ್ರಿಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಔಷಧಗಳ ಆರು ತಿಂಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಭಾರತ ಸರ್ಕಾರ 2024ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಇದು ಎಲ್ಲರಿಗೂ ಹೊಂದುವುದಿಲ್ಲ. 14 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಮಿದುಳಿಗೆ ಕ್ಷಯ ತಗಲಿದವರು ಮೊದಲಾದವರಿಗೆ ಬೇರೆ, ಕೆಲವೊಮ್ಮೆ ಹೆಚ್ಚು ದೀರ್ಘವಾದ ಕ್ರಮಗಳಿವೆ. ಆದ್ದರಿಂದ ಪಕ್ಕದೂರಿನವನು ಆರು ತಿಂಗಳಲ್ಲಿ ಮುಗಿಸಿದನೆಂದು ನಿಮ್ಮವರೂ ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ಬೆಡಾಕ್ವಿಲಿನ್ ಸಾಮಾನ್ಯವಾಗಿ ಮೊದಲ ಎರಡು ವಾರ ಪ್ರತಿದಿನ, ಆಮೇಲೆ ವಾರಕ್ಕೆ ಮೂರು ದಿನ ಮಾತ್ರ ಇರುತ್ತದೆ. ಉಳಿದವು ದಿನವೂ ಇರುವುದರಿಂದ ಗೊಂದಲ ಹುಟ್ಟುವುದು ಇಲ್ಲಿಯೇ. ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಆ ಮೂರು ದಿನಗಳಿಗೆ ಕೆಂಪು ಗುರುತು ಹಾಕಿ, ನುಂಗಿದ ಕೂಡಲೇ ದಿನಾಂಕವನ್ನು ಹೊಡೆದುಹಾಕಿ. ಬೆಡಾಕ್ವಿಲಿನ್ ಮತ್ತು ಪ್ರಿಟೊಮನಿಡ್‌ಗಳನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು. ಹೊಟ್ಟೆಯುರಿಯ ಔಷಧ, ಕಬ್ಬಿಣಾಂಶದ ಮಾತ್ರೆಗಳು ಮಾಕ್ಸಿಫ್ಲಾಕ್ಸಸಿನ್ ಮೈಗೆ ಸೇರುವುದನ್ನು ತಡೆಯುತ್ತವೆ. ಎಷ್ಟು ಗಂಟೆ ಬಿಟ್ಟು ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳಿ.

ಈಗ ಮಾತ್ರೆ ತಪ್ಪುವ ದಿನಗಳ ವಿಷಯ. ಎರಡನೆಯ ತಿಂಗಳಿನ ಹೊತ್ತಿಗೆ ಕೆಮ್ಮು ನಿಂತು ಹಸಿವು ಮರಳುತ್ತದೆ. ‘ವಾಸಿಯಾಯಿತು’ ಎಂಬ ಭಾವನೆ ಬರುವುದು ಆಗಲೇ. ನವೆಂಬರ್ ಕಳೆದು ಕಾಫಿ ಹಣ್ಣಾದರೆ ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದಾಗುತ್ತದೆ, ಮಾತ್ರೆಯಿಂದ ವಾಕರಿಕೆ ಬಂದರೆ ಆ ದಿನದ ಸಂಪಾದನೆ ಕೈತಪ್ಪುತ್ತದೆ. ಅಂಥವರಿಗೆ ಮಾತ್ರೆಯನ್ನು ಸಂಜೆಯ ಊಟಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದು ಹೊಸತಲ್ಲ, ಹಾಗಾಗಿ ಜೂನ್ ಹುಟ್ಟುವ ಮೊದಲೇ ಎರಡು ವಾರದ ಮಾತ್ರೆ ಹೆಚ್ಚಿಗೆ ಕೊಡಲು ಮನವಿ ಮಾಡಿ, ತೇವ ತಾಗದ ಡಬ್ಬಿಯಲ್ಲಿಡಿ. ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿರುವ ಉತ್ತರ ಕರ್ನಾಟಕದವರೂ ಅಸ್ಸಾಮಿನವರೂ ಕೆಲಸ ಮುಗಿದೊಡನೆ ಊರಿಗೆ ಹೊರಡುತ್ತಾರೆ. ಸರ್ಕಾರದ ಕ್ಷಯ ದಾಖಲೆಯಲ್ಲಿ ರೋಗಿಗೆ ಕೊಡುವ ನಿಕ್ಷಯ್ ಸಂಖ್ಯೆಯಿದ್ದರೆ ದೇಶದ ಬೇರೆಡೆಗೂ ಚಿಕಿತ್ಸೆಯನ್ನು ವರ್ಗಾಯಿಸಬಹುದು, ಆದರೆ ಹೊರಡುವ ಮುನ್ನ ತಿಳಿಸಿದರೆ ಮಾತ್ರ ಅದು ಸುಸೂತ್ರ. ಮೇಸ್ತ್ರಿಯ ಬಳಿ ಆ ಸಂಖ್ಯೆ ಬರೆದಿಟ್ಟಿರಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ ಪ್ರಮಾಣವನ್ನು ಒಟ್ಟಿಗೆ ನುಂಗಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನನ್ನ ಅನುಭವದಲ್ಲಿ ಚಿಕಿತ್ಸೆ ನಿಲ್ಲುವುದಕ್ಕೆ ಮರೆವಿಗಿಂತ ಭಯವೇ ಹೆಚ್ಚು ಕಾರಣ, ಮತ್ತು ಆ ಭಯಕ್ಕೆ ಆಧಾರವೂ ಇರುತ್ತದೆ. ಲಿನೆಜೊಲಿಡ್‌ನಿಂದ ಪಾದದಲ್ಲಿ ಜುಮುಜುಮು ಮತ್ತು ಉರಿ, ರಕ್ತಹೀನತೆ, ಅಪರೂಪಕ್ಕೆ ಕಣ್ಣು ಮಂಜಾಗುವುದು ಅಥವಾ ಬಣ್ಣ ಗುರುತಿಸಲು ತೊಡಕಾಗುವುದು ಕಾಣಿಸಿಕೊಳ್ಳಬಹುದು. ಬೇಗ ಹೇಳಿದರೆ ವೈದ್ಯರು ಅದರ ಪ್ರಮಾಣ ತಗ್ಗಿಸಿ ಅಥವಾ ತಾತ್ಕಾಲಿಕವಾಗಿ ನಿಲ್ಲಿಸಿ ಉಳಿದ ಚಿಕಿತ್ಸೆಯನ್ನು ಕಾಪಾಡಬಲ್ಲರು. ಹೇಳದೆ ಎಲ್ಲವನ್ನೂ ಬಿಟ್ಟರೆ ಅವರ ಕೈಕಟ್ಟಿದಂತೆ. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ಹೃದಯದ ವಿದ್ಯುತ್ ಲಯದ ಮೇಲೆ ಪರಿಣಾಮ ಬೀರುವುದರಿಂದ ಇಸಿಜಿ ದಿನಗಳನ್ನು ತಪ್ಪಿಸಬೇಡಿ. ಎದೆ ಹೊಡೆದುಕೊಂಡರೆ, ತಲೆ ಸುತ್ತಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿಗೆ, ಜ್ವರಕ್ಕೆ ಅಂಗಡಿಯಿಂದ ತರುವ ಕೆಲವು ಮಾತ್ರೆಗಳೂ ಇದೇ ಲಯವನ್ನು ಕೆಡಿಸುತ್ತವೆ, ಆದ್ದರಿಂದ ಯಾವ ಮಾತ್ರೆಯನ್ನೂ ಕೇಳದೆ ಸೇರಿಸಬಾರದು. ದೀರ್ಘ ಕ್ರಮದಲ್ಲಿರುವ ಕ್ಲೊಫಾಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ. ಅದು ಅಪಾಯಕಾರಿಯಲ್ಲ, ನಿಧಾನವಾಗಿ ಮಾಸುತ್ತದೆ. ಆದರೆ ಮದುವೆ ನಿಶ್ಚಯವಾದ ಹುಡುಗಿಗೆ ಇದು ಸಣ್ಣ ವಿಷಯವಲ್ಲ ಎಂಬುದನ್ನು ಸಲಹೆ ಕೊಡುವವರು ನೆನಪಿಡಬೇಕು. ಸೈಕ್ಲೊಸೆರಿನ್ ಇದ್ದರೆ ಮನಸ್ಸಿನ ಮೇಲೆ ಕಣ್ಣಿಡಿ: ನಿದ್ದೆಗೆಡುವುದು, ಮಂಕಾಗುವುದು, ಸಾಯುವ ಮಾತಾಡುವುದು ಔಷಧದ ಪರಿಣಾಮವಾಗಿರಬಹುದು.

ಊಟವನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಸಂಶೋಧಕರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳ ಮನೆಗಳಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಒದಗಿಸಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು; ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. 40 ಕಿಲೋ ತೂಗುವವರಿಗೆ ಶೇ. 5 ಎಂದರೆ ಕೇವಲ 2 ಕಿಲೋ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ದಿನಕ್ಕೆ ಮೂವತ್ತಮೂರು ರೂಪಾಯಿಯಷ್ಟಾಗುವ ಈ ಹಣ ಸಾಲದೆಂಬುದು ನನ್ನ ಅಭಿಪ್ರಾಯ, ಆದರೂ ಬ್ಯಾಂಕ್ ಖಾತೆಯ ವಿವರವನ್ನು ಮೊದಲ ವಾರದಲ್ಲೇ ಕೊಟ್ಟು ಅದನ್ನು ಪಡೆಯಿರಿ. ಬಯಲು ಸೀಮೆಯ ಕಡೂರಿನಲ್ಲಿ ರಾಗಿಮುದ್ದೆಗೆ ಹುರುಳಿಕಾಳಿನ ಸಾರು, ಮಲೆನಾಡಿನಲ್ಲಿ ಗಂಜಿಯೊಂದಿಗೆ ಮೊಟ್ಟೆ ಅಥವಾ ಮೀನು ಸೇರಿದರೆ ಸಾಕು, ದುಬಾರಿ ಪ್ರೋಟೀನ್ ಪುಡಿಯ ಅಗತ್ಯವಿಲ್ಲ.

ಸಕ್ಕರೆ ಕಾಯಿಲೆ ಮತ್ತು ಎಚ್‌ಐವಿ ಪರೀಕ್ಷೆ ಆರಂಭದಲ್ಲೇ ಆಗಬೇಕು. ಹೆಂಡ, ಬೀಡಿ ಬಿಡುವುದು ಕಷ್ಟವಾದರೆ ಅದನ್ನೂ ವೈದ್ಯರಿಗೆ ಹೇಳಿ. ಕುಡಿದ ದಿನ ಮಾತ್ರೆ ಬಿಡುವ ಪದ್ಧತಿ ಎರಡು ಕಡೆಯಿಂದಲೂ ನಷ್ಟ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಲೆಯ ಸುತ್ತ ಕೂರುವ ಮನೆಗಳಲ್ಲಿ ರೋಗಿ ಮಲಗುವ ಕೋಣೆಗಾದರೂ ಗಾಳಿಯಾಡಲಿ, ಮನೆಯವರೆಲ್ಲರ, ವಿಶೇಷವಾಗಿ ಚಿಕ್ಕ ಮಕ್ಕಳ ತಪಾಸಣೆಯಾಗಲಿ. ತಟ್ಟೆ, ಲೋಟ ಬೇರೆ ಇಡುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ, ಈ ರೋಗ ಹರಡುವುದು ಗಾಳಿಯಿಂದ.

ಗುಣವಾಗುತ್ತಿದೆಯೇ ಎಂಬುದನ್ನು ನಿರ್ಧರಿಸುವುದು ಪ್ರತಿ ತಿಂಗಳ ಕಫದ ಕಲ್ಚರ್. ಸಿಬಿನ್ಯಾಟ್ ಸತ್ತ ರೋಗಾಣುವಿನ ಕುರುಹನ್ನೂ ಗುರುತಿಸುವುದರಿಂದ ಮಧ್ಯದಲ್ಲಿ ಅದನ್ನೇ ಮತ್ತೆ ಮಾಡಿಸಿ ಗಾಬರಿಯಾಗಬೇಡಿ. ಕೆಮ್ಮಿಲ್ಲದೆ ಕಫವೇ ಬಾರದಿದ್ದರೂ ಹೋಗಿ, ಸಿಬ್ಬಂದಿ ದಾರಿ ತೋರಿಸುತ್ತಾರೆ. ಕಲ್ಚರ್‌ನಲ್ಲಿ ರೋಗಾಣು ಬೆಳೆಯುತ್ತಲೇ ಇದ್ದರೆ, ಇರುವ ಮಾತ್ರೆಗಳಿಗೆ ಒಂದೇ ಒಂದು ಹೊಸ ಔಷಧ ಸೇರಿಸಿ ನೋಡೋಣವೆನ್ನುವ ಸಲಹೆಗೆ ಒಪ್ಪಬೇಡಿ. ಹಾಗೆ ಮಾಡಿದರೆ ಆ ಹೊಸದಕ್ಕೂ ನಿರೋಧ ಹುಟ್ಟುವ ಸಂಭವವಿರುವುದರಿಂದ ಜಿಲ್ಲಾ ಮಟ್ಟದ ತಜ್ಞರೇ ಇಡೀ ಕ್ರಮವನ್ನು ಮರುಪರಿಶೀಲಿಸಬೇಕು. ಚಿಕಿತ್ಸೆ ಮುಗಿದ ಮೇಲೂ 6, 12, 18 ಮತ್ತು 24ನೆಯ ತಿಂಗಳಲ್ಲಿ ತಪಾಸಣೆಯಿರುತ್ತದೆ. ಕೊನೆಯ ಮಾತ್ರೆ ನುಂಗಿದ ದಿನವೇ ಆ ನಾಲ್ಕು ದಿನಾಂಕಗಳನ್ನು ಬರೆದು ರೇಷನ್ ಕಾರ್ಡಿನ ಜೊತೆಗೆ ಇಟ್ಟರೆ ಕಳೆದುಹೋಗುವುದಿಲ್ಲ.