ಮುಯ್ಯಿ ಪುಸ್ತಕದಿಂದ ಶುರುವಾಗುವ ಮನೆ ಲೆಕ್ಕ

ತುಮಕೂರಿನಲ್ಲಿ ಬಾಡಿಗೆ ಮನೆ, ನಾಲ್ಕು ಜನರ ಸಂಸಾರ, ತಿಂಗಳಿಗೆ ಕೈಗೆ ಬರುವುದು 38,000 ರೂಪಾಯಿ, ಊರಲ್ಲಿ ಅಪ್ಪ ಅಮ್ಮ. ಇಷ್ಟಿಟ್ಟುಕೊಂಡು ನಾವು ಲೆಕ್ಕ ನಡೆಸುವ ಬಗೆ ಇದು. ನಿಮ್ಮ ಅಂಕಿ ಬೇರೆ ಇರಬಹುದು, ಖರ್ಚಿನ ಹೆಸರುಗಳು ಮಾತ್ರ ಇವೇ ಇರುತ್ತವೆ.

ನಮ್ಮ ಕಡೆ ಸಂಬಳದವರ ಮನೆಯಲ್ಲಿ ಲೆಕ್ಕ ತಪ್ಪಿಸುವುದು ತರಕಾರಿ, ಹಾಲು, ಕಾಫಿಪುಡಿಯಲ್ಲ. ಮದುವೆ, ನಾಮಕರಣ, ಗೌರಿ ಬಾಗಿನ, ಊರ ಜಾತ್ರೆ, ಜೂನ್‌ನ ಸ್ಕೂಲ್ ಫೀಸು, ನೆಂಟರ ಕೈಸಾಲ, ಇವು. ಪ್ರತಿ ಸಲವೂ "ಈ ತಿಂಗಳು ಖರ್ಚು ಜಾಸ್ತಿ ಬಂತು" ಅನ್ನುತ್ತೇವೆ. ಆದರೆ ಗೌರಿ ಹಬ್ಬ ಯಾವತ್ತು ಅನ್ನುವುದು ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ ಮೊದಲ ದಿನದಿಂದಲೇ ಇರುತ್ತದೆ. ದಿನ ಗೊತ್ತಿರುವ ಖರ್ಚನ್ನು ಹನ್ನೆರಡಕ್ಕೆ ಹಂಚಿ ತಿಂಗಳ ಬಿಲ್ ಮಾಡಿಕೊಂಡರೆ ಅರ್ಧ ತಲೆನೋವು ಕಮ್ಮಿ.

ಮೊದಲ ಕೆಲಸ ಮುಯ್ಯಿ ಪುಸ್ತಕ. ಮುಯ್ಯಿ ಅಂದರೆ ಕಾರ್ಯಕ್ಕೆ ಬಂದವರು ಹಾಕುವ ದುಡ್ಡು, ಉಡುಗೊರೆ. ಹಳೆಯ ಮನೆಗಳಲ್ಲಿ ಮದುವೆಯ ಮುಯ್ಯಿ ಪಟ್ಟಿ ಬೀರುವಿನಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆಯಿರಿ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಹೆಸರು ಮತ್ತು ಊರು, ಯಾವ ಕಾರ್ಯ, ವರ್ಷ, ಅವರು ಹಾಕಿದ್ದು, ನಾವು ಹಾಕಿದ್ದು. ಪಾತ್ರೆ, ಸೀರೆ, ಬೆಳ್ಳಿ ಬಟ್ಟಲು ಬಂದಿದ್ದರೆ ಅದನ್ನೂ ಬರೆಯಿರಿ. ನಮ್ಮ ಕಡೆ ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುವುದರಿಂದ, ಊರ ಹೆಸರಿಲ್ಲದ ಪಟ್ಟಿ ಹತ್ತು ವರ್ಷದ ನಂತರ ಉಪಯೋಗಕ್ಕೆ ಬರುವುದಿಲ್ಲ. ನೀವು ಕೊಡುವ ಕವರ್ ಮೇಲೂ ಊರು ಸಮೇತ ಬರೆಯಿರಿ. ಹೆಸರಿಲ್ಲದ ಕವರ್ ಅವರ ಲೆಕ್ಕಕ್ಕೆ ಬರುವುದಿಲ್ಲ, ದುಡ್ಡೂ ಹೋಗಿ ಮಾತೂ ಉಳಿಯುತ್ತದೆ.

ಆಮೇಲೆ ಜನರನ್ನು ಮೂರು ಗುಂಪು ಮಾಡಿ. ಒಡಹುಟ್ಟಿದವರು ಮತ್ತು ಅವರ ಮಕ್ಕಳು; ಹೋಗಿ ಬರುವ ನೆಂಟರು; ಅಕ್ಕಪಕ್ಕದವರು, ಕೆಲಸದ ಜಾಗದವರು. ಮೊದಲ ಗುಂಪಿಗೆ ನಾವು ಇಟ್ಟಿರುವುದು 5,000, ಉಳಿದವರಿಗೆ 500. ಯಾರಾದರೂ ಹಿಂದೆ ಇದಕ್ಕಿಂತ ಹೆಚ್ಚು ಹಾಕಿದ್ದರೆ ಅವರು ಹಾಕಿದ್ದಕ್ಕೆ ಸ್ವಲ್ಪ ಸೇರಿಸಿ ವಾಪಸ್ಸು. ಗುಂಪನ್ನು ಗಂಡ ಹೆಂಡತಿ ಕೂತು ಒಟ್ಟಿಗೆ ಮಾಡಬೇಕು, ಎರಡೂ ಕಡೆಯವರಿಗೆ ಒಂದೇ ಅಳತೆ ಇರಬೇಕು. ನಿಮ್ಮ ತಂಗಿಗೆ ಐದು, ಅವರ ತಮ್ಮನಿಗೆ ಎರಡು ಅಂತಾದರೆ ಆ ಪುಸ್ತಕ ಮೂರು ತಿಂಗಳೂ ನಡೆಯುವುದಿಲ್ಲ.

ಮುಯ್ಯಿಗಿಂತ ಮದುವೆಗೆ ಹೋಗಿಬರುವ ಖರ್ಚೇ ದೊಡ್ಡದು ಅನ್ನುವುದು ಬರೆದಿಟ್ಟಾಗಷ್ಟೇ ಕಾಣುತ್ತದೆ. ತಿಪಟೂರಿನ ಕಡೆ ಮದುವೆ ಅಂತ ಕಾರು ಮಾಡಿಕೊಂಡರೆ ಹೋಗಿಬರುವುದಕ್ಕೆ, ಡ್ರೈವರ್ ಬಾಟಾ ಸೇರಿ ಎರಡೂವರೆ ಸಾವಿರ ಮುಟ್ಟುತ್ತದೆ. ಕವರ್‌ನಲ್ಲಿ ಇರುವುದು 500. ಹಿಂದಿನ ರಾತ್ರಿ ಆರತಕ್ಷತೆ, ಬೆಳಗ್ಗೆ ಮುಹೂರ್ತ, ಎರಡಕ್ಕೂ ಹೋಗುವುದು ಮೊದಲ ಗುಂಪಿಗೆ ಮಾತ್ರ. ಉಳಿದವರಿಗೆ ಮುಹೂರ್ತಕ್ಕೆ ಬಸ್ಸಿನಲ್ಲಿ ಹೋದರೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲದಿರುವುದರಿಂದ ಟಿಕೆಟ್ ಗಂಡಸರದ್ದಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿ ಅಕ್ಷತೆ ತಪ್ಪಿಸಿಕೊಂಡರೆ ಮಾತ್ರ "ಊಟಕ್ಕೆ ಬಂದರು" ಅನ್ನಿಸಿಕೊಳ್ಳುತ್ತೀರಿ. ಬಸ್ಸಿನ ಟೈಮು ಹಿಂದಿನ ದಿನವೇ ನೋಡಿಕೊಳ್ಳಿ.

ಈಗ ವರ್ಷದ ಪಟ್ಟಿ. ಹತ್ತಿರದ ಮೂರು ಮದುವೆ 15,000, ಉಳಿದ ಹನ್ನೊಂದು ಕಾರ್ಯ 5,500. ಯುಗಾದಿ ಬಟ್ಟೆ 6,000, ಮರುದಿನ ಹೊಸತೊಡಕಿನ ಬಾಡು (ಮಾಂಸದೂಟ) 3,000. ಗೌರಿ ಬಾಗಿನ ಇಬ್ಬರು ತಂಗಿಯರಿಗೆ 3,000, ಗಣೇಶನ ಹಬ್ಬ 1,500. ಪಿತೃಪಕ್ಷದ ಎಡೆ 3,000, ಆಯುಧಪೂಜೆ ದೀಪಾವಳಿ ಸೇರಿ 4,000, ಊರ ಜಾತ್ರೆ ಮತ್ತು ವಂತಿಗೆ 5,000. ಇಲ್ಲಿಗೆ 46,000. ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ 24,000. ಗಾಡಿ, ಆರೋಗ್ಯ, ಜೀವ ವಿಮೆ ಮೂರೂ ಸೇರಿ 30,000. ಒಟ್ಟು ಒಂದು ಲಕ್ಷ. ಹನ್ನೆರಡಕ್ಕೆ ಭಾಗಿಸಿದರೆ 8,333, ಅದನ್ನು 8,500 ಮಾಡಿದ್ದೇವೆ. ಸಂಬಳದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇದನ್ನು ಲೆಕ್ಕಕ್ಕೇ ಹಿಡಿಯದೆ ಉಳಿತಾಯದ ಗುರಿ ಇಟ್ಟುಕೊಂಡವರೇ ಜೂನ್‌ನಲ್ಲಿ ಆರ್‌ಡಿ (ತಿಂಗಳ ಕಂತಿನ ಠೇವಣಿ) ಮುರಿಸಲು ಹೋಗುವುದು.

ಈ ಖಾತೆ ಶುರು ಮಾಡಲು ಒಳ್ಳೆಯ ತಿಂಗಳು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಶಾಲೆ ಫೀಸು ಆಗಲೇ ಕಟ್ಟಾಗಿರುತ್ತದೆ. ಅಲ್ಲಿಂದ ಗೌರಿ ಹಬ್ಬದ ಹೊತ್ತಿಗೆ ಎರಡು ಕಂತಾದರೂ ಜಮೆ ಇರುತ್ತದೆ. ಪಿತೃಪಕ್ಷ ಮತ್ತು ಧನುರ್ಮಾಸದಲ್ಲೂ ಶುಭಕಾರ್ಯ ಇಲ್ಲದಿರುವುದರಿಂದ ಉಸಿರಾಡಲು ಜಾಗ ಸಿಗುತ್ತದೆ. ಯುಗಾದಿಯಿಂದ ಜೂನ್‌ವರೆಗೆ ಖಾತೆ ಬರಿದಾಗುತ್ತಾ ಹೋಗುತ್ತದೆ, ಗಾಬರಿ ಬೇಡ, ಅದು ಇರುವುದೇ ಅದಕ್ಕೆ. ಫೆಬ್ರವರಿಯಲ್ಲಿ ಶುರು ಮಾಡಿದವರಿಗೆ ಮಾತ್ರ ಮದುವೆ ಸೀಸನ್ನು, ಯುಗಾದಿ, ಫೀಸು ಒಟ್ಟಿಗೆ ಬಂದು ಮೊದಲ ವರ್ಷವೇ ಖೋತಾ ಆಗುತ್ತದೆ. ಯುಗಾದಿ ಬಟ್ಟೆಯ ದುಡ್ಡಿನಲ್ಲಿ ಅರ್ಧವನ್ನು ಆಷಾಢದ ರಿಯಾಯಿತಿಯಲ್ಲೇ ಖರ್ಚು ಮಾಡುವುದು ಜಾಣತನ, ಬೆಳೆಯುವ ಮಕ್ಕಳ ಬಟ್ಟೆ ಬಿಟ್ಟು.

ದುಡ್ಡು ಇಡುವ ಜಾಗ ಮುಖ್ಯ. ಸಂಬಳದ ಖಾತೆಯಲ್ಲೇ ಬಿಟ್ಟರೆ ಫೋನಿನ ಸ್ಕ್ಯಾನರ್ ಅದನ್ನು ತಿಂದುಹಾಕುತ್ತದೆ. ಬೇರೆ ಖಾತೆ, ಅದಕ್ಕೆ ಯುಪಿಐ ಜೋಡಿಸಬಾರದು, ಎಟಿಎಂ ಕಾರ್ಡ್ ಬೀರುವಿನಲ್ಲಿರಬೇಕು. ಅಂಚೆ ಕಚೇರಿಯ ಉಳಿತಾಯ ಖಾತೆ 500 ರೂಪಾಯಿಯಿಂದ ತೆರೆಯಬಹುದು. ಅಲ್ಲಿಗೆ ಹೋಗಿ ಚೀಟಿ ತುಂಬಿ ತೆಗೆಯಬೇಕಾದ ತೊಂದರೆಯೇ ಇಲ್ಲಿ ಲಾಭ.

ಉಳಿದ 29,500ರಲ್ಲಿ ಬಾಡಿಗೆ 7,500, ದಿನಸಿ ಹಾಲು ತರಕಾರಿ 10,000, ಗ್ಯಾಸು 900, ಫೋನು 700, ಓಡಾಟ 2,000, ಊರಿಗೆ 3,000, ಉಳಿತಾಯ 4,000. ಮಿಕ್ಕ 1,400 ಕೈಖರ್ಚು. ಗೃಹಲಕ್ಷ್ಮಿಯ 2,000 ಇದರಲ್ಲಿ ಸೇರಿಲ್ಲ, ಸೇರಿಸಲೂಬಾರದು. ಬರುವ ದಿನ ನಮ್ಮ ಕೈಯಲ್ಲಿಲ್ಲದ ದುಡ್ಡಿನ ಮೇಲೆ ಬಾಡಿಗೆ ನಿಲ್ಲಿಸಬಾರದು. ಅದು ಮನೆಯೊಡತಿಯ ಹೆಸರಿನಲ್ಲೇ ಇರಲಿ, ಯಾರೂ ಲೆಕ್ಕ ಕೇಳುವುದು ಬೇಡ.

ಉಳಿತಾಯದ 4,000ದಲ್ಲಿ 2,000 ಅಂಚೆ ಆರ್‌ಡಿಗೆ, ತಲಾ 1,000 ಮಗಳ ಸುಕನ್ಯಾ ಸಮೃದ್ಧಿಗೆ ಮತ್ತು ಪಿಪಿಎಫ್‌ಗೆ, ಎರಡೂ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಗಳು. ಆರ್‌ಡಿ ಐದು ವರ್ಷದ್ದು. 6.7% ಬಡ್ಡಿಯಲ್ಲಿ ತಿಂಗಳಿಗೆ 2,000 ಕಟ್ಟಿದರೆ 1,20,000 ಕಟ್ಟಿದ್ದಕ್ಕೆ ಸುಮಾರು 1,42,700 ಸಿಗುತ್ತದೆ. ಖಾತೆಯನ್ನು ತಿಂಗಳ 15ರೊಳಗೆ ತೆರೆದಿದ್ದರೆ ಪ್ರತಿ ಕಂತೂ 15ರೊಳಗೆ, 16ರ ನಂತರ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಸರಿಮಾಡಿಸದಿದ್ದರೆ ಮುಂದೆ ಕಟ್ಟಲಾಗುವುದಿಲ್ಲ. ಮೂರು ವರ್ಷದ ನಂತರ ಮುರಿಸಬಹುದು, ಆದರೆ ಬಡ್ಡಿ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ. ಅದಕ್ಕಿಂತ, ಹನ್ನೆರಡು ಕಂತು ಕಟ್ಟಿದ ಮೇಲೆ ಜಮೆಯ ಅರ್ಧದವರೆಗೆ ಅದರ ಮೇಲೇ ಸಾಲ ತೆಗೆಯುವುದು ಮೇಲು. ಸುಕನ್ಯಾ, ಪಿಪಿಎಫ್ ಎರಡಕ್ಕೂ 5ನೇ ತಾರೀಖಿನೊಳಗೆ ಕಟ್ಟಿ. 5ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಜಮೆಯ ಮೇಲೆ ಬಡ್ಡಿ ಹಾಕುವುದರಿಂದ 6ಕ್ಕೆ ಕಟ್ಟಿದ ದುಡ್ಡಿಗೆ ಆ ತಿಂಗಳು ಬಡ್ಡಿ ಇಲ್ಲ.

ಇನ್ನು ಕೈಸಾಲ. ಇದಕ್ಕೆ ಮನೆಯಲ್ಲಿ ಒಂದು ಮಿತಿ ಮೊದಲೇ ತೀರ್ಮಾನವಾಗಿರಬೇಕು, ಕೇಳಿದವರ ಎದುರು ಕೂತು ತೀರ್ಮಾನಿಸುವುದಲ್ಲ. ನಮ್ಮದು ವರ್ಷಕ್ಕೆ 5,000, ಅದೂ ವಾಪಸ್ ಬರುವುದಿಲ್ಲ ಅಂತಲೇ ಕೊಡುವುದು. ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ:

"ಏನಪ್ಪಾ, ತಿಂಗಳ ಸಂಬಳದೋನು, ಒಂದು ಐವತ್ತು ಸಾವಿರ ಇರಲ್ವಾ?"

"ಇರೋದೆಲ್ಲ ಪೋಸ್ಟಾಫೀಸಲ್ಲಿ ಕಟ್ತಾ ಇದೀನಿ ಚಿಕ್ಕಪ್ಪ, ಈಗ ಮುಟ್ಟೋ ಹಾಗಿಲ್ಲ. ಐದು ಸಾವಿರ ಇದೆ, ತಗೊಳ್ಳಿ. ವಾಪಸ್ ಕೊಡೋ ಯೋಚನೆ ಮಾಡ್ಬೇಡಿ."

ಇದರಲ್ಲಿ ಸುಳ್ಳಿಲ್ಲ, ಹಾಗಾಗಿ ನಾಳೆ ಬೇರೆಯವರ ಬಾಯಲ್ಲಿ ಬೇರೆ ಕಥೆ ಆಗುವುದಿಲ್ಲ. "ಮುಂದಿನ ತಿಂಗಳು ನೋಡೋಣ" ಅನ್ನುವುದು ಎಲ್ಲಕ್ಕಿಂತ ಕೆಟ್ಟ ಉತ್ತರ. ಅವರು ಆ ತಿಂಗಳು ಬಂದೇ ಬರುತ್ತಾರೆ, ನಿಮ್ಮನ್ನು ನಂಬಿ ಬೇರೆ ಕಡೆ ಕೇಳಿಯೂ ಇರುವುದಿಲ್ಲ. ಆಸ್ಪತ್ರೆಯ ವಿಷಯವಾದರೆ ಮಿತಿ ಬೇರೆ, ಆಗ ದುಡ್ಡನ್ನು ಕೈಗೆ ಕೊಡದೆ ಬಿಲ್ಲಿಗೆ ಕಟ್ಟುತ್ತೇವೆ.

ಜಾಮೀನು ಸಹಿಗೆ ಮಿತಿ ಇಲ್ಲ, ಪೂರ್ತಿ ನಿಷೇಧ. ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಸುಮ್ನೆ ಒಂದು ಸಹಿ ಅಷ್ಟೇ ಬಾವ" ಅನ್ನುವವರಿಗೆ ಇದು ಗೊತ್ತಿರುವುದಿಲ್ಲ, ಬ್ಯಾಂಕಿಗೆ ಚೆನ್ನಾಗಿ ಗೊತ್ತಿರುತ್ತದೆ.

ಚೀಟಿ ಬಗ್ಗೆ ಎರಡು ಮಾತು. ಒಂದು ಲಕ್ಷದ ಚೀಟಿ, ಇಪ್ಪತ್ತು ಜನ, ತಲಾ 5,000 ಅಂದುಕೊಳ್ಳಿ. ಮೂರನೇ ತಿಂಗಳು ಯಾರೋ 20,000 ಬಿಟ್ಟು ಕೂಗಿದರೆ ಅವರ ಕೈಗೆ 80,000. ಆ ಬಿಟ್ಟ 20,000ದಲ್ಲಿ 5,000 ನಡೆಸುವವರ ಕಮಿಷನ್, ಉಳಿದ 15,000 ಇಪ್ಪತ್ತು ಜನಕ್ಕೆ ಹಂಚಿದರೆ ತಲಾ 750. ಆ ತಿಂಗಳು ನೀವು ಕಟ್ಟುವುದು 4,250. ಮುಂಚೆ ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. "ಚೀಟಿ ಉಳಿತಾಯವೇ" ಅಂತ ಕೇಳುವವರು ಯಾವ ತಿಂಗಳು ಎತ್ತುತ್ತೀರಿ ಅಂತ ಮೊದಲು ಹೇಳಬೇಕು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೆ ನಡೆಸುವವರು ಭದ್ರತೆ ಇಟ್ಟಿರಬೇಕು. 2019ರ ತಿದ್ದುಪಡಿಯ ನಂತರ ಕಮಿಷನ್ ಮಿತಿ 7%. ಬೀದಿಯ ಕೈಚೀಟಿಗೆ ಇದ್ಯಾವುದೂ ಇಲ್ಲ, ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ಕೈಯಲ್ಲಿರುವುದು ಗೀಚಿದ ಕಾರ್ಡು ಮಾತ್ರ. ನಾನು ಕೈಚೀಟಿಯಲ್ಲಿ ಒಪ್ಪುವುದು ಹೊಸತೊಡಕಿನ ಮಟನ್ ಚೀಟಿಯೊಂದನ್ನೇ: ತಿಂಗಳಿಗೆ 250, ವರ್ಷಕ್ಕೆ 3,000, ಮರಿ ಕಡಿದು ಗುಡ್ಡೆ ಹಾಕಿ ಹಂಚುತ್ತಾರೆ. ಹೋದರೂ ಹೋಗುವುದು ಅಷ್ಟೇ.

ಊರಿಗೆ ಕಳಿಸುವ 3,000 ಪ್ರತಿ ತಿಂಗಳು ಒಂದೇ ತಾರೀಖಿಗೆ ಹೋಗಬೇಕು, ಕೇಳಿಸಿಕೊಳ್ಳಬಾರದು. ತಿಂಗಳು ತಪ್ಪಿಸಿ ಒಂದೇ ಸಲ ಹತ್ತು ಸಾವಿರ ಕಳಿಸಿದರೆ ಅದು ಯಾರದೋ ಬೋರ್‌ವೆಲ್ ಮೋಟರಿಗೆ ಹೋಗುತ್ತದೆ, ಅಪ್ಪ ಅಮ್ಮನ ಮಾತ್ರೆಗೆ ಉಳಿಯುವುದಿಲ್ಲ. ಅವರು ಡೇರಿಯ ಅಥವಾ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯ ದಿನಗಳನ್ನು ನೀವೇ ನೆನಪಿಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ಆ ವರ್ಷಕ್ಕೆ ಸೇರಿಸಲಾಗುವುದಿಲ್ಲ.

ದಿನಸಿಯ 10,000 ಸಾಲುವುದು ವರ್ಷದ ಸಾಮಾನನ್ನು ಸುಗ್ಗಿಯಲ್ಲಿ ತುಂಬಿಕೊಂಡರೆ. ಒಂದು ಹೊತ್ತು ಮುದ್ದೆ ಮಾಡುವ ನಾಲ್ಕು ಜನಕ್ಕೆ ತಿಂಗಳಿಗೆ 10 ಕಿಲೋ ರಾಗಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886, ಅಂದರೆ ಕಿಲೋಗೆ 49ರ ಹತ್ತಿರ. ಊರಲ್ಲಿ ಬೆಳೆಯುವ ನೆಂಟರಿಂದ ಆ ಬೆಲೆಗೇ ದುಡ್ಡು ಕೊಟ್ಟು ತನ್ನಿ. ಅವರಿಗೆ ಖರೀದಿ ಕೇಂದ್ರದ ಕ್ಯೂ ತಪ್ಪುತ್ತದೆ, ನಿಮಗೆ ಅಂಗಡಿಯ ಪ್ಯಾಕೆಟ್ ಹಿಟ್ಟಿನ ಬೆಲೆ ತಪ್ಪುತ್ತದೆ. ಬಿಟ್ಟಿ ತಂದ ರಾಗಿ ಬಿಟ್ಟಿ ಅಲ್ಲ, ಅದು ಅವರ ಮನೆ ಗೃಹಪ್ರವೇಶದಲ್ಲಿ ಬಡ್ಡಿ ಸಮೇತ ವಾಪಸ್ ಹೋಗುತ್ತದೆ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಕೆಡುತ್ತದೆ. ಒಂದು ತಿಂಗಳಿಗಾಗುವಷ್ಟು ಮಾತ್ರ ಮಿಲ್ ಮಾಡಿಸಿ, ಬಿಸಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿ ಹಿಟ್ಟನ್ನು ಮುಚ್ಚಿಟ್ಟರೆ ಬೆವರಿ ಗಂಟಾಗಿ ಮುಗ್ಗಲು ವಾಸನೆ ಹೊಡೆಯುತ್ತದೆ.

ಹುಣಸೆಹಣ್ಣು ತುಮಕೂರಿನವರು ಕಿಲೋ ಕಿಲೋ ಕೊಳ್ಳುವುದೇ ಅವಮಾನ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೊಸ ಹಣ್ಣು ಬಂದಾಗ ಬೀಜ ಸಮೇತ 10 ಕಿಲೋ ತನ್ನಿ. ಬೀಜ, ನಾರು ತೆಗೆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ, ಬೀಜ ತೆಗೆದ ಹಣ್ಣಿನ ಬೆಲೆಯ ಜೊತೆ ಹೋಲಿಸುವಾಗ ಇದನ್ನು ಮರೆಯಬೇಡಿ. ಎರಡು ದಿನ ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ, ಪಿಂಗಾಣಿ ಜಾಡಿಗೆ ಒತ್ತಿ ತುಂಬಿ. ಸ್ಟೀಲ್, ಅಲ್ಯೂಮಿನಿಯಂ ಡಬ್ಬಿ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ತೊಗರಿಬೇಳೆಗೆ ಬಿಸಿಲು ತೋರಿಸಿ ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿಟ್ಟರೆ ಹುಳು ಹತ್ತಿರ ಬರುವುದಿಲ್ಲ.

ಕರೆಂಟು ಬಿಲ್ಲು ನಮ್ಮ ಲೆಕ್ಕದಲ್ಲಿ ಸೊನ್ನೆ, ಆದರೆ ಅದು ತಾನಾಗಿ ಆಗುವುದಲ್ಲ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚುವರಿಗೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ, ದಿನಾ ಒಂದು ಗಂಟೆ ಆದರೆ ತಿಂಗಳಿಗೆ 60. ಊರಿಂದ ನೆಂಟರು ಬಂದು ವಾರ ಇದ್ದ ತಿಂಗಳಲ್ಲಿ ಮೀಟರನ್ನು ಮಧ್ಯದಲ್ಲೊಮ್ಮೆ ನೋಡಿ. ಬಾಡಿಗೆ ಮನೆ ಬದಲಿಸುವಾಗ ಹಳೆಯ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟು ಸಂಪರ್ಕದ ನಂಬರು) ನಿಮ್ಮ ಆಧಾರ್ ಬಿಡಿಸಿ, ಆಮೇಲೆ ಹೊಸ ಮನೆಗೆ ಜೋಡಿಸಿ. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಡಿಸಿದ್ದಾರೋ ಇಲ್ಲವೋ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಓನರನ್ನು ಕೇಳಿ.