ಚದುರಂಗದಲ್ಲಿ ಸೋಲಿಲ್ಲದ ತಂತ್ರ: ಎಲ್ಲಿ ಹುಡುಕಬೇಕು, ಹೇಗೆ ಪರೀಕ್ಷಿಸಬೇಕು

ಚೆಸ್ ಕಲಿಸುವವರಿಗೆ ಮಕ್ಕಳಿಂದ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ಸರ್, ಈ ಓಪನಿಂಗ್ ಕಲಿತರೆ ಸೋಲೇ ಇಲ್ಲವಂತೆ, ಹೌದಾ?” ಓಪನಿಂಗ್ ಎಂದರೆ ಆಟದ ಆರಂಭಕ್ಕೆ ಮೊದಲೇ ಕಲಿತಿಟ್ಟ ನಡೆಗಳ ಸಾಲು. ಶಿರಸಿಯ ಶಾಲೆಯಲ್ಲಿ ಆಡುವ ಹುಡುಗನೂ, ದೇವಿಮನೆ ಘಟ್ಟ ಇಳಿದು ಕಾರವಾರದ ಪಂದ್ಯಕ್ಕೆ ಹೊರಡುವ ಹುಡುಗಿಯೂ ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ನೋಡಿ ಇದನ್ನೇ ಕೇಳುತ್ತಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಇದಕ್ಕೆ ನಿಖರವಾದ ಉತ್ತರವಿದೆ, ಮತ್ತು ಆ ಉತ್ತರವನ್ನು ಸರಿಯಾಗಿ ಅರಿತವರು ತಮ್ಮ ಅಭ್ಯಾಸದ ಹೊತ್ತನ್ನು ಬೇರೆ ರೀತಿಯಲ್ಲಿ ಹಂಚಿಕೊಳ್ಳುತ್ತಾರೆ.

ಮೊದಲು ಬೇಡಿಕೆಯನ್ನೇ ಸ್ಪಷ್ಟಪಡಿಸಿಕೊಳ್ಳಬೇಕು. ಸೋಲಿಲ್ಲದ ತಂತ್ರವೆಂದರೆ ಎದುರಾಳಿಯ ಪ್ರತಿಯೊಂದು ನಡೆಗೂ, ಅವರು ಎಷ್ಟೇ ವಿಚಿತ್ರವಾಗಿ ಆಡಲಿ, ಒಂದು ಸಿದ್ಧ ಉತ್ತರವನ್ನು ಹೊಂದಿದ್ದು, ಆ ಉತ್ತರಗಳನ್ನು ಅನುಸರಿಸಿದವರು ಎಂದೂ ಸೋಲದಂತೆ ಕಾಯುವ ಸಂಪೂರ್ಣ ಯೋಜನೆ. ಹತ್ತು ಹನ್ನೆರಡು ನಡೆಗಳ ಓಪನಿಂಗ್ ಎಷ್ಟೇ ಗಟ್ಟಿಯಾಗಿದ್ದರೂ ಅದು ಅಂಥ ಯೋಜನೆಯ ಬಾಗಿಲು ಮಾತ್ರ; ಹದಿಮೂರನೆಯ ನಡೆಯಿಂದ ಆಟಗಾರ ತನ್ನ ಬುದ್ಧಿಯನ್ನೇ ನೆಚ್ಚಬೇಕು.

ಇಂಥ ಸಂಪೂರ್ಣ ಯೋಜನೆ ಇದೆಯೇ? ಇದೆ. ಜರ್ಮನಿಯ ಗಣಿತಜ್ಞ ಅರ್ನ್ಸ್ಟ್ ಝರ್ಮೆಲೊ 1913ರಲ್ಲಿ ಚದುರಂಗವನ್ನು ಗಣಿತದ ದೃಷ್ಟಿಯಿಂದ ನೋಡಿದ ಪ್ರಬಂಧ ಪ್ರಕಟಿಸಿದರು. ಅವರಿಂದ ಆರಂಭವಾದ ಆ ವಿಚಾರಸರಣಿಯ ಸಾರ ಹೀಗಿದೆ: ಈ ಆಟದಲ್ಲಿ ದಾಳದ ಅದೃಷ್ಟವಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ, ಇಬ್ಬರಿಗೂ ಎಲ್ಲವೂ ಕಾಣುತ್ತದೆ, ಮತ್ತು ಆಟ ಕೊನೆಯಿಲ್ಲದೆ ಸಾಗುವುದಿಲ್ಲ, ಇಂದಿನ ನಿಯಮದ ಪ್ರಕಾರ ಒಂದೇ ಸ್ಥಿತಿ ಐದು ಬಾರಿ ಬಂದರೆ, ಅಥವಾ ಕಾಲಾಳು ಕದಲದೆ, ಯಾವ ಕಾಯಿಯೂ ಬೀಳದೆ ಇಬ್ಬರೂ 75 ನಡೆ ಆಡಿದರೆ, ಯಾರೂ ಕೇಳದಿದ್ದರೂ ಆಟ ಡ್ರಾ. ಆದ್ದರಿಂದ ಮೂರರಲ್ಲಿ ಒಂದು ಮಾತು ನಿಜವಾಗಿರಲೇಬೇಕು: ಬಿಳಿಯವರು ಖಚಿತವಾಗಿ ಗೆಲ್ಲಬಲ್ಲರು, ಇಲ್ಲವೇ ಕಪ್ಪಿನವರು ಖಚಿತವಾಗಿ ಗೆಲ್ಲಬಲ್ಲರು, ಇಲ್ಲವೇ ಇಬ್ಬರೂ ಸೋಲನ್ನು ಖಚಿತವಾಗಿ ತಪ್ಪಿಸಿಕೊಳ್ಳಬಲ್ಲರು. ಮೂರರಲ್ಲಿ ಯಾವುದೇ ನಿಜವಿರಲಿ, ಕನಿಷ್ಠ ಒಂದು ಬದಿಗೆ ಸೋಲಿಲ್ಲದ ತಂತ್ರ ಇದ್ದೇ ಇದೆ. ಮೂರನೆಯದೇ ನಿಜವೆಂದು ಬಲಿಷ್ಠ ಆಟಗಾರರೆಲ್ಲ ಹೆಚ್ಚುಕಡಿಮೆ ನಂಬುತ್ತಾರೆ, ಆದರೆ ಯಾರೂ ಸಾಧಿಸಿ ತೋರಿಸಿಲ್ಲ. ಅದು ನಿಜವಾದ ಪಕ್ಷದಲ್ಲಿ ಸೋಲಿಲ್ಲದ ತಂತ್ರವು ಗೆಲುವಿನ ತಂತ್ರವಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಸಾಧಿಸಲು ಅಡ್ಡಿಯಾಗಿರುವುದು ಗಾತ್ರ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ಮತ್ತು ಸಂಗಡಿಗರು ಚೆಕರ್ಸ್ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ ಆಗುತ್ತದೆಂದು 2007ರಲ್ಲಿ ಸಾಬೀತುಪಡಿಸಿದರು. ಆ ಆಟದ ಸ್ಥಿತಿಗಳು 5ರ ಮುಂದೆ 20 ಸೊನ್ನೆ ಇಟ್ಟಷ್ಟು. ಚದುರಂಗದ ಸ್ಥಿತಿಗಳು, ಇಂದಿನ ಅಂದಾಜಿನಂತೆ, 1ರ ಮುಂದೆ 44 ಸೊನ್ನೆಯ ಆಸುಪಾಸು. ಇಂದಿನ ಯಾವ ಯಂತ್ರಕ್ಕೂ ಅಷ್ಟನ್ನು ಎಣಿಸಿ ಮುಗಿಸುವ ದಾರಿಯಿಲ್ಲ.

ಹಾಗಾದರೆ “ಸೋಲೇ ಇಲ್ಲ” ಎಂಬ ಓಪನಿಂಗ್ ಕೈಗೆ ಬಂದಾಗ ಏನು ಮಾಡಬೇಕು? ಅದನ್ನು ಹಾಸಿನ ಮೇಲೆ ಇಟ್ಟು, ಎದುರಾಳಿಯ ಬದಿಗೆ ಕುಳಿತು ನೋಡಬೇಕು. ವಿಡಿಯೋಗಳಲ್ಲಿ ಎದುರಾಳಿ ಬಹುತೇಕ ನಮಗೆ ಅನುಕೂಲವಾದ ನಡೆಯನ್ನೇ ಆಡುತ್ತಾನೆ. ಅವನು ಅತ್ಯುತ್ತಮ ನಡೆ ಆಡಿದರೆ ಏನಾಗುತ್ತದೆ ಎಂಬುದೇ ಪರೀಕ್ಷೆ. ಎಲ್ಲರೂ ಬಲ್ಲ ನಾಲ್ಕು ನಡೆಯ ಚೆಕ್‌ಮೇಟನ್ನೇ ತೆಗೆದುಕೊಳ್ಳೋಣ. (ಹಾಸಿನ ಉದ್ದಸಾಲುಗಳಿಗೆ ಬಿಳಿಯವರ ಎಡದಿಂದ ಎ ಇಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲುಗಳಿಗೆ ಬಿಳಿಯವರ ಬದಿಯಿಂದ 1ರಿಂದ 8ರವರೆಗೆ ಅಂಕೆ; ಎರಡೂ ಸೇರಿದರೆ ಮನೆಯ ಹೆಸರು.) ಬಿಳಿಯ ಕಾಲಾಳು ಇ4ಕ್ಕೆ, ಕಪ್ಪು ಕಾಲಾಳು ಇ5ಕ್ಕೆ. ಬಿಳಿಯ ಮಂತ್ರಿ ಎಚ್5ಕ್ಕೆ ಬಂದು ಇ5ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ, ಕಪ್ಪು ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯುತ್ತದೆ. ಬಿಳಿಯ ಒಂಟೆ ಸಿ4ಕ್ಕೆ ಬಂದೊಡನೆ ಎಫ್7ರಲ್ಲಿ ಚೆಕ್‌ಮೇಟ್ ಸಿದ್ಧ. ಇಲ್ಲಿ ಕಪ್ಪಿನವರು ಗಾಬರಿಯಾಗದೆ ಜಿ ಕಾಲಾಳನ್ನು ಜಿ6ಕ್ಕೆ ನೂಕಿದರೆ ಮಂತ್ರಿ ಹಿಂದೆ ಸರಿಯಲೇಬೇಕು. ಅದು ಎಫ್3ಕ್ಕೆ ಸರಿದು ಮತ್ತೆ ಅದೇ ಬೆದರಿಕೆ ಒಡ್ಡುತ್ತದೆ. ಆಗ ಕುದುರೆಯನ್ನು ಎಫ್6ಕ್ಕೆ ತಂದರೆ ದಾರಿ ಮುಚ್ಚಿತು. ಈಗ ಹಾಸನ್ನು ಶಾಂತವಾಗಿ ನೋಡಿ: ಕಪ್ಪಿನ ಎರಡೂ ಕುದುರೆಗಳು ತಮ್ಮ ಒಳ್ಳೆಯ ಮನೆಗಳಲ್ಲಿವೆ, ಬಿಳಿಯ ಕುದುರೆ ನಿಲ್ಲಬೇಕಾದ ಎಫ್3ರಲ್ಲಿ ಮಂತ್ರಿ ಕುಳಿತಿದೆ. ಬೆದರಿಕೆ ಒಡ್ಡಿದವರಿಗೆ ಉಳಿದದ್ದು ಹಿಂದೆ ಬಿದ್ದ ಆಟ.

ಇದೇ ಕ್ರಮವನ್ನು ಯಾವ ಓಪನಿಂಗ್‌ಗೂ ಅನ್ವಯಿಸಬಹುದು. ಇಬ್ಬರು ಮಕ್ಕಳನ್ನು ಗಡಿಯಾರವಿಲ್ಲದೆ ಕೂರಿಸಿ, ಒಬ್ಬರಿಗೆ ಆ ಓಪನಿಂಗ್ ಆಡಲು, ಇನ್ನೊಬ್ಬರಿಗೆ ಅದನ್ನು ಮುರಿಯಲು ಹೇಳಿ. ನಂತರ ಬದಿ ಬದಲಿಸಿ. ಅದಾದ ಮೇಲಷ್ಟೇ ಸ್ಟಾಕ್‌ಫಿಶ್‌ನಂಥ ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ತೆರೆಯಿರಿ. ಮೊದಲೇ ತೆರೆದರೆ ಮಕ್ಕಳು ಉತ್ತರ ನೋಡುತ್ತಾರೆಯೇ ಹೊರತು ಹುಡುಕುವುದಿಲ್ಲ. ಎಂಜಿನ್ ಸೊನ್ನೆ ತೋರಿಸಿದರೆ ಇಬ್ಬರೂ ಸಮ ಎಂಬ ಒಳ್ಳೆಯ ಅಂದಾಜು ಅದು, ಸಾಬೀತಲ್ಲ. ಆಲ್ಫಾಝೀರೊ ಎಂಬ ಇನ್ನೊಂದು ಕಂಪ್ಯೂಟರ್ ಪ್ರೋಗ್ರಾಂ 2017ರಲ್ಲಿ ಸ್ಟಾಕ್‌ಫಿಶ್ ವಿರುದ್ಧ 100 ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿ, ಒಂದನ್ನೂ ಸೋಲದೆ ಮುಗಿಸಿತ್ತು. ಅದೂ ಒಬ್ಬ ಎದುರಾಳಿಯ ಎದುರು, ನಿರ್ದಿಷ್ಟ ಷರತ್ತುಗಳಲ್ಲಿ ಬಂದ ಫಲಿತಾಂಶವಷ್ಟೇ.

ಮನುಷ್ಯರಲ್ಲಿ ಕ್ಯೂಬಾದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 1916ರಿಂದ 1924ರವರೆಗೆ ಸೋಲನ್ನೇ ಕಾಣದೆ, ಕೊನೆಗೆ ನ್ಯೂಯಾರ್ಕ್‌ನಲ್ಲಿ ರಿಚರ್ಡ್ ರೇಟಿಗೆ ಸೋತರು. ಲಂಡನ್‌ನಲ್ಲಿ 2000ದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾಲು ಹಾಕಿದ ಕ್ರಾಮ್ನಿಕ್ ಕಪ್ಪಿನ ಬದಿಯಲ್ಲಿ ಬರ್ಲಿನ್ ಡಿಫೆನ್ಸ್ ಎಂಬ ಓಪನಿಂಗ್ ಹಿಡಿದು ನಿಂತಾಗ ಆಗಿನ ಚಾಂಪಿಯನ್ ಕ್ಯಾಸ್ಪರೋವ್‌ಗೆ ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. ಅದೇ ಬರ್ಲಿನ್ ಆಡಿ ಸೋತವರು ಆಮೇಲೆ ಬೇಕಾದಷ್ಟು ಮಂದಿ. ಸೋಲು ತಡೆದದ್ದು ಕ್ರಾಮ್ನಿಕ್ ಅವರ ತಿಳಿವಳಿಕೆ, ಓಪನಿಂಗ್‌ನ ಹೆಸರಲ್ಲ.

ನಿಜವಾಗಿ ಸೋಲಿಲ್ಲದ ಆಟ ನಮ್ಮ ಕೈಗೆ ಸಿಗುವುದು ಹಾಸಿನ ಇನ್ನೊಂದು ತುದಿಯಲ್ಲಿ, ಕಾಯಿಗಳು ಕರಗಿದ ಮೇಲೆ. ಕಂಪ್ಯೂಟರ್‌ಗಳು ಎಲ್ಲ ಚೆಕ್‌ಮೇಟ್ ಸ್ಥಿತಿಗಳಿಂದ ಆರಂಭಿಸಿ, ಅವುಗಳಿಗೆ ಒಂದು ನಡೆ ಹಿಂದಿನವು ಯಾವುವು, ಎರಡು ನಡೆ ಹಿಂದಿನವು ಯಾವುವು ಎಂದು ಹಿಮ್ಮುಖವಾಗಿ ಲೆಕ್ಕ ಹಾಕಿ ಟೇಬಲ್‌ಬೇಸ್ ಎಂಬ ಕೋಷ್ಟಕಗಳನ್ನು ಕಟ್ಟಿವೆ. ಅಘನಾಶಿನಿ ಸಮುದ್ರ ಸೇರುವ ಜಾಗದಿಂದ ಹೊರಟು ಪ್ರತಿಯೊಂದು ಹಳ್ಳವನ್ನೂ ಗುರುತು ಹಾಕುತ್ತ ಶಿರಸಿಯ ಉಗಮದ ಕಡೆ ನಡೆದಂತೆ ಈ ಕೆಲಸ. ಚದುರಂಗದಲ್ಲಿ ಇದುವರೆಗೆ ನಕ್ಷೆ ಸಿದ್ಧವಾಗಿರುವುದು ಅಳಿವೆಯ ಹತ್ತಿರದ ಭಾಗಕ್ಕೆ ಮಾತ್ರ. ರಾಜರೂ ಸೇರಿ ಒಟ್ಟು ಏಳು ಕಾಯಿಗಳಿರುವ ಸ್ಥಿತಿಗಳವರೆಗೆ ಉತ್ತರ ಖಚಿತ. ಅಲ್ಲಿ 549 ನಡೆಗಳ ನಂತರ ಚೆಕ್‌ಮೇಟ್ ಆಗುವ ಸ್ಥಿತಿಯೂ ಸಿಕ್ಕಿದೆ. ಸೋಲಿಲ್ಲದ ತಂತ್ರ ಪೂರ್ತಿಯಾಗಿ ಕೈಗೆ ಬಂದರೂ ಅದು ಮನುಷ್ಯನ ನೆನಪಿಗೆ ನಿಲುಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲಿಚೆಸ್ ತಾಣದಲ್ಲಿ ಏಳು ಕಾಯಿಗಳ ಕೋಷ್ಟಕವನ್ನು ಉಚಿತವಾಗಿ ನೋಡಬಹುದು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ, ಐದು ಕಾಯಿಗಳವರೆಗಿನ, ಸಿಝಿಜಿ ಎಂಬ ಹೆಸರಿನ ಟೇಬಲ್‌ಬೇಸ್ ಕೋಷ್ಟಕವನ್ನು ಮೇ ತಿಂಗಳೊಳಗೆ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಅದು ಸುಮಾರು ಒಂದು ಜಿಬಿ ಮಾತ್ರ. ಆರು ಕಾಯಿಗಳದ್ದು 150 ಜಿಬಿಯ ಹತ್ತಿರ, ಮನೆಯ ಅಭ್ಯಾಸಕ್ಕೆ ಅದರ ಅಗತ್ಯವಿಲ್ಲ.

ಕಲಿಯಲು ಆರಂಭಿಸಬೇಕಾದದ್ದು ರಾಜ ಮತ್ತು ಒಂದು ಕಾಲಾಳಿನ ಆಟದಿಂದ. ಬಿಳಿಯ ರಾಜನನ್ನು ಇ5ರಲ್ಲಿ, ಕಾಲಾಳನ್ನು ಇ4ರಲ್ಲಿ, ಕಪ್ಪು ರಾಜನನ್ನು ಇ7ರಲ್ಲಿ ಇಡಿ. ಈಗ ನಡೆ ಬಿಳಿಯವರದಾದರೆ ಡ್ರಾ. ಕಪ್ಪಿನವರದಾದರೆ ಬಿಳಿಗೆ ಗೆಲುವು. ಕಪ್ಪಿನವರು ಡಿ7ಕ್ಕೆ ಸರಿದರೆ ಬಿಳಿಯ ರಾಜ ಎಫ್6ಕ್ಕೆ ನುಗ್ಗುತ್ತಾನೆ, ಎಫ್7ಕ್ಕೆ ಸರಿದರೆ ಡಿ6ಕ್ಕೆ. ನಡೆಯುವ ಸರದಿ ಬಂದದ್ದೇ ಅವರ ಪಾಲಿಗೆ ಸೋಲು. ಮೊದಲ ನಡೆ ಬಿಳಿಯವರದಾದ್ದರಿಂದ ಅವರು ಸೋಲುವುದು ಅಸಾಧ್ಯ ಎಂದು ವಾದಿಸುವವರಿಗೆ ಈ ಮೂರು ಕಾಯಿಗಳನ್ನು ತೋರಿಸಿ. ಚದುರಂಗದಲ್ಲಿ ನಡೆ ಯಾವಾಗಲೂ ಲಾಭವಲ್ಲ, ಸರದಿಯನ್ನು ಬಿಟ್ಟುಕೊಡುವ ಅವಕಾಶವೂ ಇಲ್ಲ.

ಈಗ ಬಿಳಿಯವರಿಂದಲೇ ನಡೆಸಿ, ಕಪ್ಪಿನ ಬದಿಯಿಂದ ಡ್ರಾ ಮಾಡುವುದನ್ನು ಕಲಿಯಿರಿ. ಬಿಳಿಯ ರಾಜ ಡಿ5ಕ್ಕೆ ಬಂದರೆ ಕಪ್ಪು ರಾಜ ಡಿ7ಕ್ಕೆ ಬಂದು ಎದುರು ನಿಲ್ಲಬೇಕು. ಕಾಲಾಳು ಇ5ಕ್ಕೆ ಬಂದರೆ ರಾಜ ಮತ್ತೆ ಇ7ಕ್ಕೆ. ಕಾಲಾಳು ಇ6ಕ್ಕೆ ಬಂದಾಗ ನಿರ್ಣಾಯಕ ಗಳಿಗೆ: ರಾಜ ನೇರವಾಗಿ ಹಿಂದಕ್ಕೆ, ಇ8ಕ್ಕೇ ಸರಿಯಬೇಕು. ಡಿ8 ಅಥವಾ ಎಫ್8ಕ್ಕೆ ಸರಿದರೆ ಸೋಲು, ಏಕೆಂದರೆ ಬಿಳಿಯ ರಾಜ ಡಿ6ಕ್ಕೆ ಬಂದಾಗ ಕಪ್ಪು ರಾಜನಿಗೆ ಡಿ8ಕ್ಕೆ ಬಂದು ಎದುರು ನಿಲ್ಲುವ ನಡೆ ಇರುವುದಿಲ್ಲ. ಇ8ರಲ್ಲಿದ್ದರೆ ಬಿಳಿಯ ರಾಜ ಡಿ6ಕ್ಕೆ ಬಂದೊಡನೆ ಡಿ8ಕ್ಕೆ ಹೋಗಿ ಎದುರು ನಿಲ್ಲಬಹುದು. ಕಾಲಾಳು ಇ7ಕ್ಕೆ ಬಂದು ಚೆಕ್ ಕೊಟ್ಟರೆ ಮತ್ತೆ ಇ8ಕ್ಕೆ. ಆಗ ಬಿಳಿಯ ರಾಜ ಇ6ಕ್ಕೆ ಬಂದು ಕಾಲಾಳನ್ನು ಕಾದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆದರೆ ಆಡಲು ನಡೆಯೂ ಇಲ್ಲ, ಹಾಗಾಗಿ ಡ್ರಾ), ಕಾಯದಿದ್ದರೆ ಕಾಲಾಳು ಹೋಯಿತು. ಈ ಸ್ಥಿತಿಯನ್ನು ಪೂರ್ತಿ ಬಲ್ಲ ಎಂಟು ವರ್ಷದ ಮಗುವನ್ನು ಇಲ್ಲಿ ವಿಶ್ವ ಚಾಂಪಿಯನ್ನೂ ಸೋಲಿಸಲಾರರು. ಸೋಲಿಲ್ಲದ ತಂತ್ರವೆಂಬ ಮಾತಿಗೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಉದಾಹರಣೆ ಇದೇ.

ಎರಡನೆಯದಾಗಿ, ಅಂಚಿನ ಕಾಲಾಳು ಮತ್ತು ಒಂಟೆ. ಕಾಲಾಳು ಎಚ್ ಸಾಲಿನಲ್ಲಿದ್ದು, ಬಿಳಿಯ ಒಂಟೆ ಬಿಳಿ ಮನೆಗಳಲ್ಲಿ ಓಡಾಡುವಂಥದ್ದಾದರೆ, ಕಪ್ಪು ರಾಜ ಎಚ್8ರ ಮೂಲೆ ಸೇರಿದರೆ ಸಾಕು. ಆ ಮೂಲೆ ಕಪ್ಪು ಮನೆಯಾದ್ದರಿಂದ ಒಂಟೆ ಅವನನ್ನು ಅಲ್ಲಿಂದ ಎಬ್ಬಿಸಲಾರದು.

ಮೂರನೆಯದು, ಆನೆಗಳ ಆಟದಲ್ಲಿ 18ನೇ ಶತಮಾನದ ಫ್ರೆಂಚ್ ಸಂಗೀತಗಾರ ಫಿಲಿಡಾರ್ ತೋರಿಸಿಕೊಟ್ಟ ರಕ್ಷಣೆ. ಬಿಳಿಯವರಿಗೆ ಆನೆ, ಇ5ರಲ್ಲಿ ಕಾಲಾಳು, ಡಿ5ರಲ್ಲಿ ರಾಜ. ಕಪ್ಪಿನವರಿಗೆ ಇ8ರಲ್ಲಿ ರಾಜ, ಎ6ರಲ್ಲಿ ಆನೆ ಇರಲಿ. ಕಪ್ಪು ಆನೆ ಆರನೆಯ ಅಡ್ಡಸಾಲನ್ನು ಬಿಟ್ಟು ಕದಲಬಾರದು, ಅದು ಅಲ್ಲಿರುವ ತನಕ ಬಿಳಿಯ ರಾಜ ಮುಂದೆ ಬರಲಾರ. ಬೇರೆ ದಾರಿ ಕಾಣದೆ ಬಿಳಿಯವರು ಕಾಲಾಳನ್ನು ಇ6ಕ್ಕೆ ನೂಕಿದೊಡನೆ ಆನೆಯನ್ನು ಎ1ಕ್ಕೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತ ಹೋಗಬೇಕು. ರಾಜನಿಗೆ ಮರೆಯಾಗಬಹುದಾಗಿದ್ದ ಮನೆಯಲ್ಲಿ ಈಗ ಅವನದೇ ಕಾಲಾಳು ನಿಂತಿರುತ್ತದೆ. ಕಾಲಾಳು ಮುಂದೆ ಬರುವ ಮೊದಲೇ ಆನೆಯನ್ನು ಇಳಿಸುವ ಆತುರ ಮಕ್ಕಳಲ್ಲಿ ಸಾಮಾನ್ಯ. ಇದನ್ನು ಬಿಡಿಸಲು ಬಿಳಿಯ ಬದಿಯಿಂದ ದೊಡ್ಡವರು ಸುಮ್ಮನೆ ಆನೆಯನ್ನು ಅತ್ತಿತ್ತ ಆಡಿಸುತ್ತ ಕಾಯಬೇಕು.

ಅಭ್ಯಾಸದ ರೀತಿ ಸರಳ. ಸ್ಥಿತಿಯನ್ನು ಹಾಸಿನ ಮೇಲಿಟ್ಟು ಇಬ್ಬರು ಆಡಿ, ನಡೆಗಳನ್ನು ಬರೆದಿಟ್ಟು, ಆಮೇಲೆ ಟೇಬಲ್‌ಬೇಸ್ ತೆರೆದು ಡ್ರಾ ಆಗಿದ್ದ ಸ್ಥಿತಿ ಯಾವ ನಡೆಯಲ್ಲಿ ಸೋಲಾಯಿತೆಂದು ಗುರುತು ಹಾಕಬೇಕು. ಕಾಯಿಗಳನ್ನು ಒಂದು ಸಾಲು ಪಕ್ಕಕ್ಕೆ ಸರಿಸಿ ಮತ್ತೆ ಆಡಬೇಕು, ಇಲ್ಲದಿದ್ದರೆ ಮಕ್ಕಳು ಮನೆಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ.

ಈ ತಿಳಿವಳಿಕೆ ಬೇಕಾಗುವುದು ಕಾಯಿಗಳನ್ನು ವಿನಿಮಯ ಮಾಡಿಕೊಳ್ಳುವ ಹೊತ್ತಿನಲ್ಲಿ. ಸಿಂಗಪುರದಲ್ಲಿ 2024ರ ಡಿಸೆಂಬರ್ 12ರಂದು ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ, ಗುಕೇಶ್ ಎದುರು, ಆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಒಂದು ಕಾಲಾಳು ಕಡಿಮೆಯಿದ್ದರೂ ಡ್ರಾ ಸ್ಥಿತಿಯನ್ನು ಹಿಡಿದುಕೊಂಡಿದ್ದರು. ಅವರು 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಒಡ್ಡಿದರು. ಗುಕೇಶ್ ಆನೆಗಳನ್ನು ಕಡಿದುಕೊಂಡು, ಒಂಟೆಯನ್ನು ಡಿ5ಕ್ಕೆ ತಂದು ಒಂಟೆಗಳ ವಿನಿಮಯವನ್ನೂ ತಪ್ಪಿಸಲಾಗದಂತೆ ಮಾಡಿದರು. ಉಳಿಯಲಿದ್ದದ್ದು ರಾಜ ಮತ್ತು ಕಾಲಾಳುಗಳ ಆಟ, ಅದು ಸೋತ ಆಟ. ಆದ್ದರಿಂದ ಪಂದ್ಯದಲ್ಲಿ ಕೊನೆಯ ಆನೆಯನ್ನೋ ಒಂಟೆಯನ್ನೋ ಕಡಿದುಕೊಳ್ಳುವ ಮೊದಲು ಕೈಯನ್ನು ಮಡಿಲಲ್ಲಿಟ್ಟು, ಉಳಿಯುವ ರಾಜ ಮತ್ತು ಕಾಲಾಳುಗಳನ್ನು ಮನಸ್ಸಿನಲ್ಲೇ ಹಾಸಿನ ಮೇಲೆ ಜೋಡಿಸಿ, ಆಗ ನಡೆ ಯಾರದೆಂದು ಎಣಿಸಿ ನೋಡಿ. ಆ ಸ್ಥಿತಿಯ ಉತ್ತರ ಗೊತ್ತಿಲ್ಲವಾದರೆ, ಬೇರೆ ಸುರಕ್ಷಿತ ನಡೆಯಿರುವ ತನಕ ವಿನಿಮಯಕ್ಕೆ ಕೈಹಾಕಬೇಡಿ.